ಕೈಗುಣಕ್ಕೆ ಕಾಲಂ ಇಲ್ಲ

ಮನುಷ್ಯ ಮನೆ ಬದಲಾಯಿಸಬಹುದು, ಕೆಲಸ ಬದಲಾಯಿಸಬಹುದು, ಗಟ್ಟಿ ಮನಸ್ಸು ಮಾಡಿದರೆ ದಿನಾ ಕುಡಿಯುವ ಕಾಫಿಪುಡಿಯನ್ನೂ ಬದಲಾಯಿಸಬಹುದು. ಆದರೆ ಡಾಕ್ಟರನ್ನು ಬದಲಾಯಿಸುವುದಿದೆಯಲ್ಲ, ಅದು ಹುಡುಗಾಟದ ಮಾತಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಅನುಭವ ನಮ್ಮಮ್ಮನದು, ಪಾಡು ಮಾತ್ರ ನನ್ನದು.

ನಾವು ಭದ್ರಾವತಿಯವರು. ಅಪ್ಪನಿಗೆ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸ. ನಾನು ಹುಟ್ಟಿದ್ದು ಕಾರ್ಖಾನೆಯ ಆಸ್ಪತ್ರೆಯಲ್ಲಿ, ಬೆಳೆದದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ಬೆಳಿಗ್ಗೆ ಏಳುತ್ತಿದ್ದದ್ದು ಕಾರ್ಖಾನೆಯ ಸೈರನ್ನಿಗೆ. ತೊಂಬತ್ತರ ದಶಕದ ನಡುವೆ, ನಾನು ಕಾಲೇಜು ಸೇರುವ ಹೊತ್ತಿಗೆ, ಅಪ್ಪ ಶಿವಮೊಗ್ಗದಲ್ಲಿ ರಾಗಿಗುಡ್ಡದ ಹತ್ತಿರ ಒಂದು ಪುಟ್ಟ ಮನೆ ಕಟ್ಟಿಸಿದರು. ಸಾಮಾನೆಲ್ಲ ಒಂದೇ ಲಾರಿಯಲ್ಲಿ ಬಂತು. ಒರಳು ಬಂತು, ತುಳಸಿಕಟ್ಟೆ ಬಂತು, ಮುರಿದ ಕುರ್ಚಿಯೂ ಬಂತು. ಅಮ್ಮನ ರಕ್ತದೊತ್ತಡ ಮಾತ್ರ ಊರು ಬಿಟ್ಟು ಬರಲು ಒಪ್ಪಲಿಲ್ಲ. ಅದರ ವಿಳಾಸ ಭದ್ರಾವತಿಯದೇ ಆಗಿ ಉಳಿಯಿತು.

ಕಾರ್ಖಾನೆಯ ಆಸ್ಪತ್ರೆಯಲ್ಲಿ ನೌಕರರ ಮನೆಯವರಿಗೆಲ್ಲ ಔಷಧಿ ಪುಕ್ಕಟೆ. ಹಾಗಾಗಿ ಶಿವಮೊಗ್ಗದಲ್ಲಿ ಯಾರಿಗೆ ಕೆಮ್ಮು ಬಂದರೂ ನಾವು ಭದ್ರಾವತಿ ಬಸ್ಸು ಹತ್ತುತ್ತಿದ್ದೆವು. ನನಗೆ ಪಿಯುಸಿಯಿಂದಲೂ ಡೈರಿ ಬರೆಯುವ, ಚಿಕ್ಕಂದಿನಿಂದಲೂ ಕಂಡದ್ದನ್ನೆಲ್ಲ ಎಣಿಸುವ ಚಟ. ಮನೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಹದಿನಾಲ್ಕು ಡಾಕ್ಟರುಗಳ ಬೋರ್ಡು ಎಂದು ಒಂದು ಜ್ವರದ ದಿನ ಬರೆದಿಟ್ಟಿದ್ದೇನೆ. ಆ ಹದಿನಾಲ್ಕೂ ಜನರ ಬಾಗಿಲ ಮುಂದೆ, ಸುಡುವ ಹಣೆ ಹೊತ್ತು, ಅಮ್ಮನ ಕೈ ಹಿಡಿದು ದಾಟಿಹೋಗುತ್ತಿದ್ದೆ. ಬಸ್ಸು ಮಾಚೇನಹಳ್ಳಿ ತಲುಪುವಷ್ಟರಲ್ಲಿ ಕಿಟಕಿಯ ಗಾಳಿಗೆ ಜ್ವರ ಇಳಿದೇಬಿಟ್ಟಿರುತ್ತಿತ್ತು. "ಅಮ್ಮಾ, ಹುಷಾರಾಯ್ತು, ವಾಪಸ್ ಹೋಗೋಣ" ಎಂದರೆ, "ಟಿಕೆಟ್ ತಗೊಂಡಾಗಿದೆ, ತೋರಿಸ್ಕೊಂಡೇ ಹೋಗೋಣ ಸುಮ್ನಿರು" ಎನ್ನುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಯ ಹೊರಗೆ ಉದ್ದನೆಯ ಸಿಮೆಂಟು ಬೆಂಚು. ನಾವು ಹೋಗುವ ಹೊತ್ತಿಗೆ ಹಳೆಯ ಕ್ವಾರ್ಟರ್ಸಿನ ಅರ್ಧ ಬೀದಿ ಅಲ್ಲಿ ಕೂತಿರುತ್ತಿತ್ತು. ಪಕ್ಕದ ಮನೆಯಲ್ಲಿದ್ದ ತಮಿಳಿನ ಸೆಲ್ವಿಯಕ್ಕ ದೂರದಿಂದಲೇ ಕೂಗುತ್ತಿದ್ದರು. "ಏನ್ ಗಿರಿಜಕ್ಕಾ, ಶಿವಮೊಗ್ಗದ ನೀರು ಕುಡ್ದು ಸಣ್ಣ ಆಗ್ಬಿಟ್ಟಿದೀರ! ಸಾಪಾಡು ಆಯ್ತಾ?" ಅಮ್ಮ ಸಣ್ಣ ಆಗಿರಲಿಲ್ಲ, ಆದರೂ ಸೆರಗು ಸರಿಮಾಡಿಕೊಂಡು ಸಣ್ಣಗಾದವಳಂತೆ ಕೂರುತ್ತಿದ್ದಳು. ಅಲ್ಲಿಂದ ಮುಂದೆ ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮನೆಯ ಇಡ್ಲಿ ಯಾಕೆ ಉಬ್ಬಲಿಲ್ಲ, ಯಾರ ಗಂಡ ರಾತ್ರಿಪಾಳಿ ಮುಗಿಸಿ ಬಂದು ಎಲ್ಲಿ ಬಿದ್ದುಕೊಂಡಿದ್ದ, ಎಲ್ಲವೂ ಆ ಬೆಂಚಿನ ಮೇಲೆ ತೀರ್ಮಾನವಾಗುತ್ತಿತ್ತು. ಡಾಕ್ಟರು ಒಳಗೆ ಕರೆದಾಗ ಅಮ್ಮನ ಮುಖದ ಮೇಲೆ ಒಂದು ಬೇಸರ ಹಾದುಹೋಗುತ್ತಿತ್ತು. ಅದು ಕಾಯಿಲೆಯ ಲಕ್ಷಣ ಎಂದು ನಾನು ಬಹಳ ವರ್ಷ ನಂಬಿದ್ದೆ.

ಡಿಗ್ರಿ ಮುಗಿಸಿ ನಾನು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದ ಕಾಲ. ಸಾಮಾನ್ಯ ಜ್ಞಾನದ ದಪ್ಪ ಪುಸ್ತಕದಲ್ಲಿ ಒಂದು ಪಟ್ಟಿ ಸಿಕ್ಕಿತು: ಪ್ರಪಂಚದ ಯಾವ ದೇಶದಲ್ಲಿ ಎಷ್ಟು ಜನರಿಗೆ ಒಬ್ಬ ಡಾಕ್ಟರು. ಪಟ್ಟಿ ಎಂದರೆ ನನಗೆ ಮಿಠಾಯಿ ಇದ್ದಂತೆ. ಕ್ಯೂಬಾ ಎಂಬ ಕಬ್ಬಿನ ದೇಶ ಎಲ್ಲೋ ಮೇಲೆ ಕೂತಿತ್ತು. ಯುರೋಪಿನ ದೇಶಗಳು ಅದರ ಅಕ್ಕಪಕ್ಕ. ನಮ್ಮ ದೇಶ ಸಿಗಬೇಕಾದರೆ ಬೆರಳನ್ನು ಸಾಕಷ್ಟು ಕೆಳಕ್ಕೆ ಜಾರಿಸಬೇಕಿತ್ತು. ಇನ್ನೂ ಕೆಳಗೆ, ಒಬ್ಬ ಡಾಕ್ಟರ ಪಾಲಿಗೆ ಊರಿಗೆ ಊರೇ ಬೀಳುವ ದೇಶಗಳಿದ್ದವು. ಅಕ್ಕಿ ಆರಿಸುತ್ತ ಕೂತಿದ್ದ ಅಮ್ಮನಿಗೆ ನಾನು ಉತ್ಸಾಹದಿಂದ ಓದಿ ಹೇಳಿದೆ.

"ಕ್ಯೂಬಾದಲ್ಲಿ ಬೀದಿಗೊಬ್ಬ ಡಾಕ್ಟ್ರಂತೆ ಅಮ್ಮ."

"ಪಾಪ! ಅಷ್ಟೊಂದು ಕಾಯಿಲೇನಾ ಆ ಜನಕ್ಕೆ?"

ಪೇಪರಿನ ಹಿಂದಿನಿಂದ ಅಪ್ಪ ಹೇಳಿದರು. "ಹಂಗಲ್ಲ ಕಣೆ, ಡಾಕ್ಟ್ರು ಜಾಸ್ತಿ ಇದ್ರೆ ಕಾಯಿಲೆ ಕಮ್ಮಿ ಅಂತ ಅರ್ಥ."

"ಅಂಗಡಿ ಜಾಸ್ತಿ ಇದ್ರೆ ಗಿರಾಕಿ ಜಾಸ್ತಿ ಅಂತ ತಾನೇ ಅರ್ಥ? ನೀವೂ ಸರಿ, ನಿಮ್ಮ ಮಗಳೂ ಸರಿ."

ಆಗ ನನಗೆ ಡೆನ್ಮಾರ್ಕಿನಲ್ಲಿ ಲೀನಾ ಎಂಬ ಪತ್ರಗೆಳತಿಯೊಬ್ಬಳಿದ್ದಳು. ಪುಸ್ತಕದ ಪಟ್ಟಿಯನ್ನು ಪರೀಕ್ಷಿಸಿಯೇಬಿಡೋಣ ಎಂದು ಅವಳನ್ನು ಕೇಳಿ ಬರೆದೆ. ಅವರ ಮನೆಗೆ ಗೊತ್ತುಮಾಡಿದ ಒಬ್ಬ ಡಾಕ್ಟರು ಇದ್ದಾರಂತೆ. ಫೋನು ಮಾಡಿ ಸಮಯ ಕೇಳಬೇಕಂತೆ. ನೆಗಡಿಗೆಲ್ಲ ಕೆಲವು ದಿನ ಬಿಟ್ಟು ಬನ್ನಿ ಎನ್ನುತ್ತಾರಂತೆ, ಅಷ್ಟರಲ್ಲಿ ನೆಗಡಿ ತಾನಾಗಿಯೇ ಹೋಗಿರುತ್ತದಂತೆ. ನಿಮ್ಮಲ್ಲಿ ಹೇಗೆ ಎಂದು ಅವಳೂ ಕೇಳಿದ್ದಳು. ನಾನು ಬೋರ್ಡುಗಳ ಸಂಖ್ಯೆ, ಬಸ್ಸಿನ ಹೊತ್ತು, ಎಲ್ಲವನ್ನೂ ವಿವರವಾಗಿ ಬರೆದೆ. ಮುಂದಿನ ಪತ್ರದಲ್ಲಿ ಒಂದು ಪ್ರಶ್ನೆ ಬಂತು: ದಾರಿಯಲ್ಲಿರುವ ಆ ಡಾಕ್ಟರುಗಳ ಜೊತೆ ನಿಮ್ಮ ಮನೆಯವರಿಗೆ ಜಗಳವೇ? ಅಮ್ಮನಿಗೆ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, "ಜಗಳ ಏನಿಲ್ಲ, ಒಳ್ಳೆಯೋರೇ ಇರ್ಬೋದು, ನಮಗೆ ಪರಿಚಯ ಇಲ್ಲ ಅಂತ ಬರಿ" ಎಂದಳು.

ಇಷ್ಟರಲ್ಲಿ ಕಾರ್ಖಾನೆಯ ದಿನಗಳು ಸಣ್ಣಗಾದವು. ಅಪ್ಪ ಸ್ವಯಂ ನಿವೃತ್ತಿ ತೆಗೆದುಕೊಂಡರು. ಕೆಲಸದ ಜೊತೆಗೆ ಆಸ್ಪತ್ರೆಯ ಸೌಲಭ್ಯವೂ ಮುಗಿಯಿತು. ಅಪ್ಪ ಎರಡು ದಿನ ಮಂಕಾಗಿದ್ದು ಮೂರನೆಯ ದಿನ ಗುಲಾಬಿ ಗಿಡಕ್ಕೆ ಗೊಬ್ಬರ ಹಾಕಲು ಶುರುಮಾಡಿದರು. ಅಮ್ಮ ಕೊನೆಯ ಸಲ ತಂದ ಮಾತ್ರೆಗಳನ್ನು ಮೊದಲು ಅರ್ಧ ಮಾಡಿ ನುಂಗಿದಳು, ಆಮೇಲೆ ದಿನ ಬಿಟ್ಟು ದಿನ ನುಂಗಿದಳು, ಆಮೇಲೆ ನೆನಪಾದಾಗ. ಒಂದು ದಿನ ಡಬ್ಬಿ ಖಾಲಿಯಾಯಿತು. ಕೇಳಿದರೆ, "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ" ಎಂದಳು. ಗುಂಡುಕಲ್ಲು ಏಳುವಾಗ ಗೋಡೆ ಹಿಡಿಯುವುದನ್ನು ನಾನು ನೋಡುತ್ತಿದ್ದೆ.

ಇಲ್ಲಿ ನಗುವ ವಿಷಯವಲ್ಲದ ಒಂದನ್ನು ಹೇಳಬೇಕು. ಅಮ್ಮನ ತಾಯಿ, ಹೊಳಲೂರಿನ ನನ್ನ ಅಜ್ಜಿ, ಇದೇ ರಕ್ತದೊತ್ತಡಕ್ಕೆ ಮಾತ್ರೆ ನುಂಗದೆ ಒಂದು ಬೆಳಿಗ್ಗೆ ಹಿತ್ತಲಲ್ಲಿ ಕುಸಿದು ಬಿದ್ದಿದ್ದರು. ಬಲಭಾಗ ಸ್ವಾಧೀನ ತಪ್ಪಿತು. ಮೂರು ವರ್ಷ ಅಮ್ಮನೇ ಅವರಿಗೆ ಕೈತುತ್ತು ಹಾಕಿದಳು. ಅದೆಲ್ಲ ಕಣ್ಣಾರೆ ಕಂಡವಳೇ ಹೀಗೆ ಹಟ ಹಿಡಿದರೆ ಏನು ಮಾಡುವುದು? "ಭದ್ರಾವತಿಗೇ ಹೋಗಿ ದುಡ್ಡು ಕೊಟ್ಟು ತೋರಿಸೋಣ" ಎಂದರು ಅಪ್ಪ. "ನಮ್ಮ ಮನೆ ಆಗಿದ್ದ ಕಡೆ ನೆಂಟರ ಹಾಗೆ ಹೋಗಲ್ಲ" ಎಂದಳು ಅಮ್ಮ. ಅಲ್ಲಿಗೆ ಆ ಬಾಗಿಲೂ ಮುಚ್ಚಿತು.

ನಾನು ನನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದೆ. ಪಟ್ಟಿ ತಯಾರಿಸಿದೆ. ದೇಶಗಳ ಜಾಗದಲ್ಲಿ ಶಿವಮೊಗ್ಗದ ಡಾಕ್ಟರುಗಳು. ಕಾಲಂಗಳು: ಮನೆಯಿಂದ ದೂರ, ಓದು, ಮಾತಿನ ಮೃದುತ್ವ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಕಾಯಬೇಕಾದ ಹೊತ್ತು. ಎರಡು ವಾರ ಸುಳ್ಳು ತಲೆನೋವು ಹೊತ್ತು ಕ್ಲಿನಿಕ್ಕುಗಳ ಬಾಗಿಲಲ್ಲಿ ಕೂತು ಅಂಕ ಹಾಕಿದೆ. ಕಾದಷ್ಟೂ ಅಂಕ ಕಡಿಮೆ. ಮೊದಲ ಸ್ಥಾನ ಬಂದವರ ಬಳಿ ಅಮ್ಮನನ್ನು ಕರೆದೊಯ್ದೆ. ಹೋದ ತಕ್ಷಣ ಒಳಗೆ ಕರೆದರು, ಸಮಾಧಾನದಿಂದ ನೋಡಿದರು, ಚೀಟಿ ಬರೆದುಕೊಟ್ಟರು. ನನಗೆ ಜಂಬವೋ ಜಂಬ. ಹೊರಗೆ ಬಂದು ಅಮ್ಮ ಚೀಟಿಯನ್ನು ಮಡಿಸಿ ಪರ್ಸಿಗೆ ಹಾಕಿದಳು.

"ಮಾತ್ರೆ ತಗೊಳ್ಳೋಣ ಬಾ."

"ಒಳಗೆ ಡಾಕ್ಟ್ರು ಪೇಪರ್ ಓದ್ತಾ ಕೂತಿದ್ರು, ನೋಡಿದ್ಯಾ? ಒಂದು ನರಪಿಳ್ಳೆ ಇಲ್ಲ. ಕೈಗುಣ ಇದ್ದಿದ್ರೆ ಜನ ಬಿಡ್ತಿದ್ರಾ ಮಾರಾಯ್ತಿ?"

ಎರಡನೆಯವರು ಫೋನಿನಲ್ಲಿ ಸಮಯ ಕೊಡುವ ಡಾಕ್ಟರಮ್ಮ, ಥೇಟ್ ಡೆನ್ಮಾರ್ಕು. ಹೇಳಿದ ನಿಮಿಷಕ್ಕೆ ಬಾಗಿಲು ತೆರೆಯಿತು, ಹೇಳಿದ ನಿಮಿಷಕ್ಕೆ ಮುಚ್ಚಿತು. "ಹೋದೆ, ಕೂತೆ, ಎದ್ದೆ. ಯಾವ ಊರಮ್ಮ ಅಂತ ಒಂದು ಮಾತು ಕೇಳ್ಲಿಲ್ಲ" ಎಂದು ಅಮ್ಮ ಆ ಮಾತ್ರೆಗಳನ್ನು ದೇವರ ಗೂಡಿನಲ್ಲಿಟ್ಟಳು, ಕುಂಕುಮ ಹಚ್ಚುವುದೊಂದು ಬಾಕಿ. ಮೂರನೆಯವರು ಆಗತಾನೇ ಓದಿ ಬಂದ ಹುಡುಗ. "ನಿನ್ನ ವಯಸ್ಸಿನವನು ಕಣೆ! ಅವನ ಮುಂದೆ ನಾಲಗೆ ಚಾಚೋಕೆ ನನಗೆ ನಾಚಿಕೆ ಆಗುತ್ತೆ." ಅಪ್ಪ ನನ್ನ ಪಟ್ಟಿ ತರಿಸಿಕೊಂಡು, ಕನ್ನಡಕ ಏರಿಸಿ ನೋಡಿ, "ಒಂದು ಕಾಲಂ ಬಿಟ್ಟಿದೀಯಲ್ಲಮ್ಮ, ಕೈಗುಣ" ಎಂದರು. ಸ್ಕೇಲು ಹಿಡಿದು ಗೆರೆ ಎಳೆದೆ. ತಲೆಬರಹವನ್ನೂ ಬರೆದೆ. ಅದರ ಕೆಳಗೆ ಏನು ತುಂಬಬೇಕೋ ಹೊಳೆಯಲಿಲ್ಲ.

ಪಟ್ಟಿಯ ಕಟ್ಟಕಡೆಯಲ್ಲಿ ಗಾಂಧಿಬಜಾರಿನ ಗಲ್ಲಿಯೊಂದರ ಡಾಕ್ಟರಿದ್ದರು. ಜನ ಅವರನ್ನು ಸಂತೆ ಡಾಕ್ಟರು ಎನ್ನುತ್ತಿದ್ದರು. ಬೆಳಿಗ್ಗೆ ಹೋದರೆ ಮಧ್ಯಾಹ್ನ, ಸಂಜೆ ಹೋದರೆ ದೀಪ ಆರಿಸುವ ಹೊತ್ತು. ಕಾಂಪೌಂಡರು ಕೂಗುತ್ತಿದ್ದ, ಡಾಕ್ಟರೂ ಕೂಗುತ್ತಿದ್ದರು. ಅವರಿಗೆ ನಾನು ಎಲ್ಲ ಕಾಲಮ್ಮಿನಲ್ಲೂ ಸೊನ್ನೆ ಕೊಟ್ಟಿದ್ದೆ. ಓದಿನ ಕಾಲಮ್ಮಿನಲ್ಲೂ ಕೊಟ್ಟಿದ್ದೆ, ಏಕೆಂದರೆ ಜನರ ತಲೆಗಳ ನಡುವೆ ಬೋರ್ಡು ಕಾಣಿಸಿರಲಿಲ್ಲ.

ಹಬ್ಬದ ಹಿಂದಿನ ದಿನ. ನಾವಿಬ್ಬರೂ ಗಾಂಧಿಬಜಾರಿನಲ್ಲಿ ಹೂವು ಕೊಳ್ಳುತ್ತಿದ್ದೆವು. ಮೊಳ ಹಾಕುತ್ತಿದ್ದ ಹೆಂಗಸಿನ ಜೊತೆ ಚೌಕಾಸಿ ಮಾಡುತ್ತಿದ್ದ ಅಮ್ಮ ಇದ್ದಕ್ಕಿದ್ದಂತೆ ಚೌಕಾಸಿ ನಿಲ್ಲಿಸಿದಳು. ಅಮ್ಮ ಚೌಕಾಸಿ ನಿಲ್ಲಿಸಿದಳೆಂದರೆ ಪರಿಸ್ಥಿತಿ ಕೈಮೀರಿದೆ ಎಂದೇ ಅರ್ಥ. ನೋಡಿದರೆ ಅಂಗಡಿಯ ಕಂಬ ಹಿಡಿದು ನಿಂತಿದ್ದಾಳೆ, ಮುಖ ಬಿಳುಚಿದೆ, ಹಣೆಯ ಮೇಲೆ ಬೆವರು. ನನಗೆ ಹೊಳಲೂರಿನ ಹಿತ್ತಲು ಕಣ್ಮುಂದೆ ಬಂತು. "ಇಲ್ಲೇ ಸಂತೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗಮ್ಮ, ನಿಂತ್ಕೋಬೇಡ" ಎಂದು ಹೂವಿನವಳೇ ಒಂದು ಕಡೆ ಹಿಡಿದುಕೊಂಡಳು.

"ಯಾರ್ರೀ ಅದು, ನಂಬರಿಲ್ದೆ..." ಎಂದು ಕೂಗಲು ಹೊರಟ ಕಾಂಪೌಂಡರು ಅಮ್ಮನ ಮುಖ ನೋಡಿ ಬಾಯಿ ಮುಚ್ಚಿದ. ಜನ ದಾರಿ ಬಿಟ್ಟರು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಹುಬ್ಬು ಮೇಲೇರಿಸಿದರು.

"ಮಾತ್ರೆ ಬಿಟ್ಟು ಎಷ್ಟು ದಿನ ಆಯ್ತಮ್ಮ?"

ನಾನು ಲೆಕ್ಕ ಹೇಳಲು ಬಾಯಿ ತೆರೆದೆ. "ನಿಮ್ಮನ್ನ ಕೇಳ್ಲಿಲ್ಲ" ಎಂದರು.

ಅಮ್ಮ ಮೆಲ್ಲಗೆ ಹೇಳಿದಳು. "ಡಾಕ್ಟ್ರು ಸಿಕ್ಲಿಲ್ಲ."

"ಶಿವಮೊಗ್ಗದಲ್ಲಿ ಡಾಕ್ಟ್ರು ಸಿಕ್ಲಿಲ್ವಾ? ಈ ಊರಲ್ಲಿ ಒಂದು ಕಲ್ಲು ಎಸೆದ್ರೆ ನಮ್ಮಂಥವರ ತಲೆ ಮೇಲೇ ಬೀಳುತ್ತೆ! ಕೈಕಾಲು ಬಿದ್ದುಹೋದ್ರೆ ನಿಮ್ಮನೇಲಿ ರೊಟ್ಟಿ ತಟ್ಟೋರ್ಯಾರು, ನಾನು ಬರ್ಲಾ? ಯಾವೂರಮ್ಮ ನಿಮ್ಮದು?"

"ಭದ್ರಾವತಿ."

"ಅದಕ್ಕೇ ಇಷ್ಟು ಗಟ್ಟಿ. ಈ ಮಾತ್ರೆ ನುಂಗಿ ಹೊರಗೆ ಬೆಂಚಿನ ಮೇಲೆ ಕೂತಿರಿ. ಒಂದು ಗಂಟೆ ಬಿಟ್ಟು ಮತ್ತೆ ನೋಡ್ತೀನಿ. ಮನೆಗೆ ಓಡಿಹೋದ್ರೆ ನೋಡಿ ಮತ್ತೆ!"

ಹೊರಗಿನ ಬೆಂಚಿನಲ್ಲಿ ಜಾಗವಿರಲಿಲ್ಲ, ಆದರೂ ಆಯಿತು. ಒಬ್ಬಾಕೆ ನೀರು ಕೊಟ್ಟಳು, ಒಬ್ಬಾಕೆ ಸೆರಗಿನಿಂದ ಗಾಳಿ ಹಾಕಿದಳು. ಮೊದಲು ಅಮ್ಮ ಕಣ್ಣು ಮುಚ್ಚಿ ಒರಗಿದ್ದಳು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದಳು. ಇನ್ನು ಸ್ವಲ್ಪ ಹೊತ್ತಿಗೆ ಗಾಳಿ ಹಾಕುತ್ತಿದ್ದವಳ ತವರೂರು ಕೇಳಿದಳು. ಗಂಟೆ ತುಂಬುವುದರೊಳಗೆ ನೀರು ಕೊಟ್ಟಾಕೆಯ ಸೊಸೆ ಮೂರು ತಿಂಗಳಿಂದ ತವರಲ್ಲೇ ಕೂತಿರುವುದು ಯಾರ ತಪ್ಪು ಎಂಬುದು ಇತ್ಯರ್ಥವಾಗುತ್ತಿತ್ತು. ಕಾಂಪೌಂಡರು ಹೆಸರು ಕೂಗಿದಾಗ ಅಮ್ಮನ ಮುಖದಲ್ಲಿ ನನಗೆ ಗುರುತಿದ್ದ ಆ ಬೇಸರ ಹಾದುಹೋಯಿತು. "ಇವರದ್ದೊಂದು ಮಾತು ಮುಗೀಲಿ, ಬಂದೆ" ಎಂದಳು. ನಾನು ಗೋಡೆಗೆ ಒರಗಿ ನಿಂತೆ.

ಒತ್ತಡ ಇಳಿದಿತ್ತು. ಮಾತ್ರೆಯಿಂದ ಇಳಿಯಿತೋ ಬೆಂಚಿನಿಂದ ಇಳಿಯಿತೋ ನಾನು ಹೇಳಲಾರೆ. ಅಂದಿನಿಂದ ಅಮ್ಮ ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ, ತಪ್ಪಿಸಿದರೆ ಸಂತೆ ಡಾಕ್ಟರು ಎಲ್ಲರೆದುರಿಗೆ ಬೈಯುತ್ತಾರೆಂಬ ಭಯ. ಅವಳು ಮಾತ್ರೆ ನುಂಗುವಾಗ ಆ ಪುಸ್ತಕದ ಪಟ್ಟಿ ನನಗೆ ನೆನಪಾಗುತ್ತಿತ್ತು. ಕಟ್ಟಕಡೆಯ ದೇಶಗಳಲ್ಲಿ ಬೈಯುವುದಕ್ಕೂ ಒಬ್ಬ ಡಾಕ್ಟರಿಲ್ಲ, ಕೂರುವುದಕ್ಕೆ ಬೆಂಚೂ ಇಲ್ಲ. ಹಾಗೆ ನೋಡಿದರೆ, ಹದಿನಾಲ್ಕು ಬಾಗಿಲು ದಾಟಿ ಒಂದನ್ನು ಆರಿಸಿಕೊಳ್ಳುವ ನಮ್ಮಮ್ಮ ಭಾರೀ ಶ್ರೀಮಂತೆ.

ಮುಂದಿನ ತಿಂಗಳು ನಾನು ಇನ್ನೊಂದು ಜಾಣತನ ಮಾಡಿದೆ. ಬೆಳಿಗ್ಗೆ ಬೇಗ ಓಡಿ, ಕಾಂಪೌಂಡರಿಗೆ ಗೋಗರೆದು, ಎರಡನೇ ನಂಬರಿನ ಬಿಲ್ಲೆ ಹಿಡಿದು ತಂದೆ. ಅಮ್ಮ ಅದನ್ನು ತಿರುಗಿಸಿ ನೋಡಿದಳು.

"ಎರಡಾ? ಹೋದ ಹಾಗೇ ಬರೋದಾದ್ರೆ ಈ ರೇಷ್ಮೆ ಸೀರೆ ಯಾಕೆ ಉಟ್ಕೊಂಡೆ ನಾನು?"

ಕ್ಲಿನಿಕ್ಕಿಗೆ ಹೋದವಳೇ, ಮಗುವಿಗೆ ಜ್ವರವೆಂದು ಕೂತಿದ್ದ ಒಬ್ಬಾಕೆಗೆ ಆ ಬಿಲ್ಲೆ ಕೊಟ್ಟು, ಅವಳ ಮೂವತ್ತೊಂದನ್ನು ತಾನು ಇಸಿದುಕೊಂಡು, ನೆಮ್ಮದಿಯಾಗಿ ಚಕ್ಕಳ ಮಕ್ಕಳ ಹಾಕಿ ಕೂತಳು. ನನ್ನ ಮೋರೆ ನೋಡಿ ಅವಳಿಗೆ ಕನಿಕರ ಬಂದಿರಬೇಕು. "ನಿನ್ನ ಪಟ್ಟಿ ಸರಿಯಾಗೇ ಇತ್ತು ಕಣೆ. ಕೆಳಗಿನಿಂದ ಓದ್ಬೇಕಿತ್ತು ಅಷ್ಟೆ" ಎಂದಳು.

ನಾನು ಪರೀಕ್ಷೆಯ ಪುಸ್ತಕ ತೆರೆದು, ಪೆನ್ಸಿಲಿನಿಂದ ಗುರುತು ಹಾಕುತ್ತ ಒಂದು ಮೂಲೆಯಲ್ಲಿ ನಿಂತೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನನ್ನೇ ಬಹಳ ಹೊತ್ತು ನೋಡಿ, "ನಿಂಗೇನವ್ವ ಕಾಯಿಲೆ?" ಎಂದು ಕೇಳಿದರು.

"ನನಗೇನಿಲ್ಲ ಅಜ್ಜಿ, ನಮ್ಮಮ್ಮನಿಗೆ."

ಅಮ್ಮ ಅಲ್ಲಿಂದಲೇ ಬಾಗಿ ಹೇಳಿದಳು. "ಅವಳಿಗೂ ಇದೆ ಅಜ್ಜಿ. ಕಂಡಿದ್ದಕ್ಕೆಲ್ಲ ಲೆಕ್ಕ ಹಾಕ್ತಾಳೆ. ಚಿಕ್ಕೋಳಿದ್ದಾಗಿಂದ. ಯಾರಿಗೂ ತೋರಿಸಿಲ್ಲ ಇನ್ನೂ."

ಅಜ್ಜಿ 'ಅಯ್ಯೋ ಪಾಪ' ಎಂದು ನಿಜವಾಗಿಯೂ ಮರುಗಿದರು. ತಮ್ಮ ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು, ಒಂದಿಷ್ಟು ಸರಿದು, ಬೆಂಚಿನಲ್ಲಿ ನನಗೊಂದು ಗೇಣು ಜಾಗ ಮಾಡಿಕೊಟ್ಟರು.

"ಕೂತ್ಕೊ ಮಗ, ಹೆದರ್ಬೇಡ. ಈ ಡಾಕ್ಟ್ರ ಕೈಗುಣ ಒಳ್ಳೇದು, ಎಂಥೆಂಥದೋ ವಾಸಿಯಾಗೈತೆ."

ನಾನು ಪುಸ್ತಕ ಮುಚ್ಚಿ ಕೂತೆ.