ಕೋಟೆ ನೋಡಲು ಹೋದ ನಾಲ್ಕು ಕ್ಯಾನ್ ನೀರು

ಕುಕನೂರಿನ ಓಣಿಗಳಿಗೆ ನೀರು ಬಿಡುವ ದ್ಯಾವಪ್ಪ, ತನ್ನ ಮುಂದಾಳತ್ವದಲ್ಲಿ ಹೊರಡುವ ಪ್ರವಾಸದಲ್ಲಿ ಒಬ್ಬರ ನಾಲಿಗೆಯೂ ಒಣಗಬಾರದು ಎಂದು ಪ್ರತಿಜ್ಞೆ ಮಾಡಿದ. ಹಿಂದಿನ ರಾಜರು ದಂಡೆತ್ತಿ ಹೊರಡುವಾಗ ಇಂಥ ಮಾತು ಆಡುತ್ತಿದ್ದರಂತೆ, ಕುದುರೆಯ ಮೇಲೆ ಕೂತು. ದ್ಯಾವಪ್ಪ ಮನೆಯ ಕಟ್ಟೆಯ ಮೇಲೆ ಕೂತು ಆಡಿದ, ಲುಂಗಿಯಲ್ಲಿ.

ಪ್ರವಾಸ ನಿಜಕ್ಕೂ ಅವನದಲ್ಲ. ಅವನ ಹೆಂಡತಿ ಕನಕಮ್ಮ ಓಣಿಯ ಮಹಿಳಾ ಸಂಘದ ಕಾರ್ಯದರ್ಶಿ. ಕೊಪ್ಪಳದಿಂದ ಗಂಗಾವತಿಯವರೆಗೆ ಗುಡ್ಡದ ಮೇಲಿರುವ ಕೋಟೆ, ಅರಮನೆಗಳನ್ನೆಲ್ಲ ಗೈಡ್ ಸಮೇತ ಒಂದೇ ದಿನದಲ್ಲಿ ತೋರಿಸಿ ಮನೆ ಮುಟ್ಟಿಸುವ ಬಸ್ಸೊಂದನ್ನು ಸಂಘದ ಹೆಂಗಸರೇ ವಿಚಾರಿಸಿ ಗೊತ್ತು ಮಾಡಿದ್ದರು. ಆಮೇಲೆ ಕೆಲವರ ಗಂಡಂದಿರೂ ಬರುವುದೆಂದಾಯಿತು. ಗಂಡಂದಿರು ಬರುತ್ತಾರೆಂದ ಕೂಡಲೇ ಪ್ರವಾಸಕ್ಕೆ ಒಬ್ಬ ನಾಯಕ ಬೇಕಾದ. ಅಲ್ಲಿಯವರೆಗೆ ಬೇಕಾಗಿರಲಿಲ್ಲ.

ದ್ಯಾವಪ್ಪನಿಗೆ ಈ ನಾಯಕತ್ವ ಬೇಕಾಗಿದ್ದು ಒಂದೇ ಕಾರಣಕ್ಕೆ. ಯಲಬುರ್ಗಾದಿಂದ ಅವನ ಅತ್ತೆ ಫಕೀರಮ್ಮ ಬರುವವಳಿದ್ದಳು. ಮದುವೆಯಾದಾಗಿನಿಂದ ಆಕೆ ಈ ಅಳಿಯನನ್ನು ಒಮ್ಮೆಯೂ ಹೊಗಳಿರಲಿಲ್ಲ. ಬೈದೂ ಇರಲಿಲ್ಲ, ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಸುಮ್ಮನೆ ನೋಡುತ್ತಿದ್ದಳು, ಸಂತೆಯಲ್ಲಿ ಬದನೆಕಾಯಿ ಕೈಯಲ್ಲಿ ಹಿಡಿದು ನೋಡಿ ಮತ್ತೆ ಬುಟ್ಟಿಗೆ ಹಾಕುವವರ ಹಾಗೆ. ಆದರೆ ಕುಷ್ಟಗಿಯ ದೊಡ್ಡ ಅಳಿಯನ ಮನೆಗೆ ಹೋಗಿ ಬಂದಾಗಲೆಲ್ಲ, ಯಾರೂ ಕೇಳದಿದ್ದರೂ, "ಏನೂ ಕಡಿಮಿ ಮಾಡ್ಲಿಲ್ಲವಾ" ಎನ್ನುತ್ತಿದ್ದಳು. ಆ ಮಾತು ದ್ಯಾವಪ್ಪನಿಗೂ ಬೇಕಿತ್ತು. ಊರಿಗೆಲ್ಲ ನೀರು ಕುಡಿಸುವವನು ಒಬ್ಬ ಅತ್ತೆಯನ್ನು ತಣಿಸಲಾರನೇ?

ಅದಕ್ಕೆಂದು ಶುದ್ಧ ನೀರಿನ ಘಟಕದಿಂದ ನಾಲ್ಕು ಕ್ಯಾನ್ ನೀರು ತುಂಬಿಸಿದ. ಜೀರಿಗೆ, ಕೊತ್ತಂಬರಿ, ಹಸಿಶುಂಠಿ ಅರೆದು ಹಾಕಿಸಿ ದೊಡ್ಡ ಡಬ್ಬಿಯಲ್ಲಿ ಮಜ್ಜಿಗೆ ಮಾಡಿಸಿದ. ಮಾಡಿದವಳು ಕನಕಮ್ಮ, ಮಾಡಿಸಿದ ಆಯಾಸ ಇವನಿಗಾಯಿತು.

ಹಿಂದಿನ ದಿನ ಸಂಜೆ ಕನಕಮ್ಮ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಕೇಳಿದಳು. ದ್ಯಾವಪ್ಪ ಕೊಪ್ಪಳದ ಕೋಟೆಯಿಂದ ಹಿಡಿದು ಅರಮನೆಗಳ ಹೆಸರು ಹೇಳತೊಡಗಿದ.

"ಅರಮನಿ ಕೇಳ್ಲಿಲ್ರಿ ನಾನು. ಹೆಣ್ಮಕ್ಕಳಿಗೆ ಇಳಿಯಾಕ ಎಲ್ಲಿ ನಿಲ್ಸ್ತಾರ?"

"ಅರಮನಿ ಬಂದ ಕೂಡ್ಲೇ ಇಳೀತಾರಲ್ಲ. ಬಸ್ಸಿನ್ಯಾಗ ಕುಂತು ನೋಡ್ತಾರೇನು?"

ಕನಕಮ್ಮ ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ತಾಯಿಯಿಂದ ಬಂದ ನೋಟ ಅದು. ಆಮೇಲೆ ಒಳಗೆ ಹೋದಳು.

ಆ ರಾತ್ರಿ ಊಟವಾದ ಮೇಲೆ ಓಣಿಯ ಯಾವ ಹೆಂಗಸೂ ನೀರು ಕುಡಿಯಲಿಲ್ಲ. ಇದು ಸಂಘದ ಠರಾವೇನಲ್ಲ. ದೂರದ ಬಸ್ಸು ಹತ್ತುವ ಹೆಂಗಸರು ಹಿಂದಿನ ರಾತ್ರಿಯಿಂದಲೇ ಗಂಟಲು ಬಿಗಿ ಹಿಡಿಯುವುದು ನಮ್ಮ ಕಡೆಯ ಹಳೆಯ ಪದ್ಧತಿ. ದಾರಿಯಲ್ಲಿ ಅವರಿಗೆ ಒಂದು ಮರೆ ಸಿಗುವುದಿಲ್ಲ, ಆದ್ದರಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ತಾಯಿ ಇದನ್ನು ಮಗಳಿಗೆ ಹೇಳಿಕೊಡುವುದಿಲ್ಲ, ಮಗಳು ನೋಡಿ ಕಲಿಯುತ್ತಾಳೆ. ಮನೆಯ ಗಂಡಸರೂ ನೋಡಿರುತ್ತಾರೆ, ಕಲಿತಿರುವುದಿಲ್ಲ.

ಗೈಡ್ ಶಾನವಾಜ ಕೊಪ್ಪಳದಲ್ಲಿ ಬಸ್ಸು ಹತ್ತಿದ. ಮನೆಯಲ್ಲಿ ಉರ್ದು, ಬಜಾರಿನಲ್ಲಿ ಊರ ಕನ್ನಡ ಮಾತನಾಡುವ ಶಾನವಾಜನಿಗೆ ಕೋಟೆಯ ಬಾಗಿಲು ಕಂಡ ಕೂಡಲೇ ಪುಸ್ತಕದ ಕನ್ನಡ ಮೈಮೇಲೆ ಬರುತ್ತಿತ್ತು. "ಮಾನ್ಯ ಪ್ರವಾಸಿಗರೇ" ಎಂದು ಅವನು ಮೈಕಿನಲ್ಲಿ ಅಂದರೆ ಡ್ರೈವರ್ ಕೂಡ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ.

ಕೊಪ್ಪಳದ ಕೋಟೆಯ ಮೆಟ್ಟಿಲು ಹತ್ತುವಾಗ ಬಿಸಿಲು ನೆತ್ತಿಗೆ ಏರುತ್ತಿತ್ತು. ಶಾನವಾಜ ಬುರುಜು ತೋರಿಸುತ್ತ ಮುಂದೆ ನಡೆದರೆ, ದ್ಯಾವಪ್ಪ ಒಂದು ಕೈಯಲ್ಲಿ ಮಜ್ಜಿಗೆಯ ಜಗ್ಗು, ಇನ್ನೊಂದರಲ್ಲಿ ಲೋಟ ಹಿಡಿದು ಹಿಂದೆ ನಡೆದ. ಹೆಂಗಸರು ಲೋಟ ತೆಗೆದುಕೊಂಡು, ತುಟಿಗೆ ಮುಟ್ಟಿಸಿ, "ಭಾಳ ಛಲೋ ಆಗೇತ್ರಿ" ಎಂದು ಹೇಳಿ, ಲೋಟ ಖಾಲಿ ಮಾಡಿ ಕೊಟ್ಟರು. ದ್ಯಾವಪ್ಪ ಮತ್ತೆ ತುಂಬಿದ. ಮತ್ತೆ ಖಾಲಿಯಾಯಿತು. ಅವನ ಎದೆ ಉಬ್ಬಿತು. ರಾಜನಾಗಿದ್ದರೆ ತಾನು ಏನು ಮಾಡುತ್ತಿದ್ದೆ ಎಂಬುದು ಅವನಿಗೆ ಮೊದಲ ಬಾರಿಗೆ ಸ್ಪಷ್ಟವಾಯಿತು: ಅರವಟಿಗೆ ಇಡಿಸುತ್ತಿದ್ದ.

ಇರಕಲ್ಲಗಡದ ಕೋಟೆಯಲ್ಲಿ ಗುಟ್ಟು ರಟ್ಟಾಯಿತು. ಇಳಿಯುವಾಗ ದ್ಯಾವಪ್ಪ ಕಾಲು ಜಾರಿ ಕೂತುಬಿಟ್ಟ. ಕೂತ ಕಡೆ ಒದ್ದೆಯಾಗಿತ್ತು. ಮೇಲಿನ ಮೆಟ್ಟಿಲಿನಿಂದ ಒಂದು ಬಿಳಿಯ ಗೆರೆ ಕೊತ್ತಂಬರಿಯ ಸಮೇತ ಹರಿದು ಬರುತ್ತಿತ್ತು. ಅದರ ಮೂಲ ಹುಡುಕಿಕೊಂಡು ಹೋದರೆ ಒಂದು ಬಂಡೆಯ ಸಂದಿ. ಆ ಸಂದಿಗೆ ಸಂಘದ ಅಧ್ಯಕ್ಷೆ ಸುಕನ್ಯಾ ನಿಧಾನವಾಗಿ ಲೋಟ ಬಗ್ಗಿಸುತ್ತಿದ್ದಳು. ಆಕೆಯ ಹಿಂದೆ ಲೋಟ ಹಿಡಿದು ಉಳಿದವರು ಸರದಿಯಲ್ಲಿ ನಿಂತಿದ್ದರು. ಇರುವೆಗಳು ಬಂದು ಸೇರಿದ್ದವು.

ನೀರು ಬಿಡುವವನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಬೇಸಿಗೆಯಲ್ಲಿ ಅವನ ಮನೆ ಬಾಗಿಲಿಗೆ ಕೊಡ ಹಿಡಿದು ಬಂದು ಜಗಳ ತೆಗೆಯುವ ಇದೇ ಹೆಂಗಸರು ಇವತ್ತು ಅವನ ಮಜ್ಜಿಗೆಯನ್ನು ಬಂಡೆಗೆ ಕುಡಿಸುತ್ತಿದ್ದರು. ಅವನು ಯಾರನ್ನೂ ಬೈಯಲಿಲ್ಲ. ನೇರ ಬಸ್ಸಿಗೆ ಬಂದು, ಎಲ್ಲರೂ ಹತ್ತುವವರೆಗೆ ಕಾದು, ಕಿಟಕಿಯ ಪಕ್ಕ ಕೂತಿದ್ದ ಅತ್ತೆಯ ಮುಂದೆ ತುಂಬಿದ ಲೋಟ ಹಿಡಿದು, ತನ್ನ ಕೊನೆಯ ಅಸ್ತ್ರ ಬಿಟ್ಟ.

"ಅತ್ತಿ, ನೀವು ಇದನ್ನ ಕುಡೀಲಿಲ್ಲಂದ್ರ ಇವತ್ತ ನಾನು ರೊಟ್ಟಿ ಮುಟ್ಟಂಗಿಲ್ಲ ನೋಡ್ರಿ."

ಅಳಿಯ ಉಪವಾಸ ಕೂತ ಸುದ್ದಿ ಯಲಬುರ್ಗಾಕ್ಕೆ ಬಸ್ಸಿಗಿಂತ ಮುಂಚೆ ಹೋಗುತ್ತದೆ, ಅಲ್ಲಿಂದ ಕುಷ್ಟಗಿಗೂ ಹೋಗುತ್ತದೆ. ಫಕೀರಮ್ಮ ಮಗಳ ಕಡೆ ನೋಡಿದಳು. ಕನಕಮ್ಮ ಬೇಡವೆಂದು ಕಣ್ಣಿನಲ್ಲೇ ಹೇಳಿದಳು. ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡು ಲೋಟ ಎತ್ತಿದಳು. ಅಳಿಯ ಇನ್ನೊಂದು ತುಂಬಿದ. ಅದನ್ನೂ ಎತ್ತಿದಳು. ಹಿರಿಯಳೇ ಕುಡಿದ ಮೇಲೆ ಕಿರಿಯರು ಕುಡಿಯದೆ ಇದ್ದರೆ ಹೇಗೆ? ಸುಕನ್ಯಾ ಕುಡಿದಳು, ಅವಳ ಹಿಂದಿನ ಸೀಟಿನವರು ಕುಡಿದರು, ಮಜ್ಜಿಗೆ ಡಬ್ಬಿಯ ತಳ ಕಂಡಿತು.

"ಆತಿಲ್ರಿ? ತಣ್ಣಗಾತಿಲ್ರಿ ನಿಮಗ?" ಎಂದು ಕನಕಮ್ಮ ಕೇಳಿದಳು. ದ್ಯಾವಪ್ಪ ಅದನ್ನು ಕೃತಜ್ಞತೆ ಎಂದು ತಿಳಿದುಕೊಂಡ.

ಮೂರನೆಯ ಗುಡ್ಡ ಗಂಗಾವತಿಯ ಕಡೆಗಿತ್ತು. ಅದರ ಹೆಸರು ಬೇಡ. ಹೆಸರು ಹೇಳಿದರೆ ಒಂದೇ ಗುಡ್ಡದ ಮಾನ ಹೋಗುತ್ತದೆ; ಹೇಳದಿದ್ದರೆ ಉಳಿದವುಗಳಿಗೂ ಪಾಲು ಸಿಗುತ್ತದೆ. ಮೇಲೆ ಹತ್ತಿದ ಮೇಲೆ ಶಾನವಾಜ ಕಲ್ಲಿನ ಒಂದು ದೊಡ್ಡ ತೊಟ್ಟಿಯ ಮುಂದೆ ನಿಂತು ಕೈ ಚಾಚಿದ.

"ಮಾನ್ಯ ಪ್ರವಾಸಿಗರೇ, ಇದು ರಾಣಿವಾಸದ ಸ್ನಾನಗೃಹ. ಈ ಕಾಲುವೆಯಿಂದ ಜಲವು ಜುಳುಜುಳು ನಿನಾದಗೈಯುತ್ತಾ ಒಳಬಂದು, ಆ ಕಾಲುವೆಯಿಂದ ಹೊರಹೋಗುತ್ತಿತ್ತು."

ಹೆಂಗಸರ ಸ್ಥಿತಿಗೆ ಆ ಹೊತ್ತಿನಲ್ಲಿ ಜುಳುಜುಳು ಎಂಬ ಮಾತು ಬೇಕಾಗಿರಲಿಲ್ಲ. ಒಬ್ಬರು ಕಾಲ ಮೇಲೆ ಕಾಲು ಹೆಣೆದು ನಿಂತರು. ಇನ್ನೊಬ್ಬರು ಗೋಪುರ ನೋಡುವವರಂತೆ ಆಕಾಶ ನೋಡಿದರು. ಫಕೀರಮ್ಮ ಕಂಬ ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು. ಅಧ್ಯಕ್ಷೆ ಎಂಬ ನೆಲೆಯಲ್ಲಿ ಸುಕನ್ಯಾ ಪ್ರಶ್ನೆ ಕೇಳಿದಳು.

"ಸ್ನಾನ ಸರಿ ಬಿಡ್ರಿ. ರಾಣ್ಯಾರು ಒಂದಕ್ಕ ಎಲ್ಲಿ ಹೋಗ್ತಿದ್ರು?"

ಶಾನವಾಜನ ತರಬೇತಿಯಲ್ಲಿ ಈ ಪಾಠ ಇರಲಿಲ್ಲ. "ಈ ಕುರಿತು ಇತಿಹಾಸಕಾರರು ಮೌನವಾಗಿದ್ದಾರೆ" ಎಂದ.

"ಇರ್ತಾರ್ರಿ. ಗಂಡಸ್ರಲ್ಲೇನ್ರಿ?"

ಗುಡ್ಡದ ಬುಡದಲ್ಲಿ ಒಂದು ಕಟ್ಟಡ ಇದೆಯೆಂದು ಶಾನವಾಜ ನೆನಪು ಮಾಡಿಕೊಂಡು ಹೇಳಿದ್ದೇ ತಡ, ಸಂಘ ಇಳಿಯತೊಡಗಿತು. ಹತ್ತುವಾಗ ಮಂಡಿನೋವು ಎಂದವರೂ ಗೈಡನ್ನು ಹಿಂದೆ ಹಾಕಿದರು. ಕಟ್ಟಡ ನಿಜಕ್ಕೂ ಇತ್ತು. ಗುಲಾಬಿ ಬಣ್ಣ, ಒಂದು ಬಾಗಿಲ ಮೇಲೆ ಕಿರೀಟ ಇಟ್ಟ ರಾಜ, ಇನ್ನೊಂದರ ಮೇಲೆ ಕಮಲ ಹಿಡಿದ ರಾಣಿ, ನಡುವೆ ಉದ್ಘಾಟನೆಯ ಗ್ರಾನೈಟು ಕಲ್ಲು. ರಾಜನಿಗೂ ರಾಣಿಗೂ ಬೀಗ ಹಾಕಿತ್ತು.

ಬಾಗಿಲ ಮೇಲೆ ಬರೆದ ನಂಬರಿಗೆ ದ್ಯಾವಪ್ಪ ಫೋನು ಹಚ್ಚಿದ. ಸಿಗ್ನಲ್ ಸಿಗಲಿಲ್ಲ. ಹುಡುಕುತ್ತ ಕೋಟೆಯ ಹೊರಗೋಡೆಯ ಕಡೆ ನಡೆದ. ಅಲ್ಲಿ ಬಸ್ಸಿನ ಗಂಡಸರೆಲ್ಲ ಆಗಲೇ ಗೋಡೆಗೆ ಮುಖ ಮಾಡಿ, ಕಾವಲಿನ ಸಿಪಾಯಿಗಳಂತೆ ಸಾಲಾಗಿ ನಿಂತಿದ್ದರು. ಬಂದದ್ದು ಬಂದೆ, ಇದೊಂದು ಕೆಲಸವೂ ಮುಗಿಯಲಿ ಎಂದು ದ್ಯಾವಪ್ಪ ಸಾಲಿನ ಕೊನೆಗೆ ನಿಂತ. ಸರಿಯಾಗಿ ಆಗಲೇ ಫೋನು ಹತ್ತಿತು. ಹೀಗಾಗಿ ಹೆಂಗಸರ ಶೌಚಾಲಯ ತೆರೆಸುವ ಹೋರಾಟವನ್ನು ಅವನು ಎಡಗೈಯೊಂದರಲ್ಲೇ ನಡೆಸಬೇಕಾಯಿತು.

ಫೋನಿನ ಆ ಕಡೆ ವಾಚ್‌ಮನ್ ಇದ್ದ. ಅವನೂ ಬೀಗದ ಕೈಯೂ ಕುಷ್ಟಗಿಯಲ್ಲಿ ಒಂದು ಮದುವೆಗೆ ಹೋಗಿದ್ದರು.

"ಯಾರರ ದೊಡ್ಡವ್ರು ಬಂದಾರೇನ್ರಿ?" ಎಂದು ವಾಚ್‌ಮನ್ ಕೇಳಿದ.

"ಇಲ್ಲ, ನಮ್ಮ ಹೆಣ್ಮಕ್ಕಳು."

"ಹಂಗಾರ ತಗ್ಯಾಕ ಬರಂಗಿಲ್ರಿ. ತಗದ್ರ ಮಂದಿ ಒಳಗ ಹೋಗ್ತಾರ, ಹೊಲಸಾಗತೈತಿ. ಸ್ವಚ್ಛ ಐತಿ ಅಂತ ಫೋಟೋ ಕಳಿಸಬೇಕಲ್ರಿ ನಾವು."

"ಹೆಣ್ಮಕ್ಕಳ ಮಾನದ ಪ್ರಶ್ನಿ ಐತೋ ಮಾರಾಯ," ಎಂದು ದ್ಯಾವಪ್ಪ ಗೋಡೆಯ ಮುಂದೆ ನಿಂತು ಘರ್ಜಿಸಿದ. "ನಾಗರಿಕರು ಅನ್ನಿಸ್ಕೊಂಡವ್ರು ಬಯಲಾಗ ಹೋಗಬೇಕೇನು?"

ಘರ್ಜನೆ ಮುಗಿಸಿ, ಬಟ್ಟೆ ಸರಿ ಮಾಡಿಕೊಂಡು ತಿರುಗಿದ. ಹೆಂಗಸರೆಲ್ಲ ಆ ಕಡೆ ಮುಖ ತಿರುಗಿಸಿ ನಿಂತಿದ್ದರು, ಸೆರಗು ಮುಖಕ್ಕೆ ಹಿಡಿದು. ಒಬ್ಬಳು ಮಾತ್ರ ತಿರುಗಿಸಿರಲಿಲ್ಲ. ಗುಲಾಬಿ ಕಟ್ಟಡದ ಮೆಟ್ಟಿಲ ಮೇಲೆ ಕೂತು ಫಕೀರಮ್ಮ ಅಳಿಯನನ್ನೇ ನೋಡುತ್ತಿದ್ದಳು.

ಆ ನೋಟ ತಾಳಲಾರದೆ ದ್ಯಾವಪ್ಪ ಒಂದು ಕಲ್ಲು ಎತ್ತಿ ರಾಣಿಯ ಬೀಗ ಒಡೆದ. ಬಾಗಿಲು ತೆರೆದರೆ ಸಿಮೆಂಟಿನ ಚೀಲಗಳು, ಬಣ್ಣದ ಡಬ್ಬಿಗಳು, 'ಪ್ರವಾಸಿಗರಿಗೆ ಸುಸ್ವಾಗತ' ಎಂದು ಬರೆದ ಒಂದು ಮುರಿದ ಬೋರ್ಡು. ಗೋಡೆಯಲ್ಲಿ ಹೊಳೆಯುವ ನಳವಿತ್ತು. ನೀರು ಬಿಡುವವನ ಕಣ್ಣು ತಾನಾಗಿಯೇ ಅದರ ಹಿಂದಕ್ಕೆ ಹೋಯಿತು. ನಳಕ್ಕೆ ಪೈಪು ಇರಲಿಲ್ಲ. ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ್ದರು, ಫೋಟೋಕ್ಕೆ.

ನಾಯಕತ್ವ ಅಲ್ಲಿಗೆ ಮುಗಿಯಿತು. ಯಾರೂ ಅದನ್ನು ಘೋಷಿಸಲಿಲ್ಲ. ಕನಕಮ್ಮ ತಾಯಿಯ ರಟ್ಟೆ ಹಿಡಿದು ಎಬ್ಬಿಸಿ, "ಬರ್ರಿ" ಎಂದಳು. ಗಂಡನಿಗೆ ಹೇಳಿದ್ದಲ್ಲ. ಸಂಘ ಅವಳ ಹಿಂದೆ ಊರ ಕಡೆ ನಡೆಯಿತು.

ಮೊದಲ ಮನೆಯ ಮುಂದೆ ಇಮಾಮಬೀ ಎಂಬ ಹೆಂಗಸು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಕನಕಮ್ಮ ಬಾಯಿ ತೆರೆಯಬೇಕಾಗಲೇ ಇಲ್ಲ. ಬರುತ್ತಿದ್ದವರ ನಡಿಗೆ ನೋಡಿಯೇ ಇಮಾಮಬೀ ಮೊರ ಕೆಳಗಿಟ್ಟಳು.

"ಹಿತ್ತಲದಾಗ ಐತಿ ಬರ್ರಿ. ಯಮ್ಮನ್ನ ಮೊದಲ ಕಳಸ್ರಿ. ಚಿಲಕ ಸ್ವಲ್ಪ ಬಿಗಿ ಐತಿ, ಎತ್ತಿ ಹಾಕಬೇಕು." ಆಮೇಲೆ ಸಂಕೋಚದಿಂದ, ಈ ಹೊತ್ತು ನಳ ಬಂದಿಲ್ಲ, ಇದ್ದ ನೀರು ಇಷ್ಟು ಮಂದಿಗೆ ಸಾಲಲಿಕ್ಕಿಲ್ಲ ಎಂದಳು.

ಕನಕಮ್ಮ ಆಗ ಗಂಡನ ಕಡೆ ತಿರುಗಿದಳು. "ರೀ, ನಿಮ್ಮ ನೀರು ತರ್ರಿ."

ಬೆಳಗಿನಿಂದ ಮೊದಲ ಸಲ ಒಬ್ಬರು ಅವನ ನೀರು ಕೇಳಿದ್ದರು. ದ್ಯಾವಪ್ಪ ಕ್ಯಾನ್ ಹೆಗಲಿಗೇರಿಸಿದ. ಗೋಡೆ ಕಾಯುತ್ತಿದ್ದ ಮೂವರು ಗಂಡಸರಿಗೂ ಒಂದೊಂದು ಹೊರಿಸಿದ. ಏಳು ಸಲ ಸೋಸಿದ್ದೆಂದು ಘಟಕದವರು ಹೇಳಿದ ಆ ನೀರನ್ನು ಇಮಾಮಬೀಯ ಹಿತ್ತಲಿನ ಬಕೆಟ್ಟಿಗೆ ಸುರಿದು, ಬಾಗಿಲ ಮುಂದಿಟ್ಟು, ಮುಖ ತಿರುಗಿಸಿ ದೂರ ನಿಂತ. ಚಿಲಕದ ಸಪ್ಪಳವಾದಾಗ ಬಂದು ಮತ್ತೆ ತುಂಬಿದ. ಸಾಲು ಅಂಗಳ ದಾಟಿ ಓಣಿಗೆ ಹೋಗಿತ್ತು. ಕೊನೆಯ ರಾಜವಂಶ ಇನ್ನೂ ನೋಡಲು ಉಳಿದಿದೆ, ಹೊತ್ತು ಮುಳುಗುತ್ತದೆ ಎಂದು ಶಾನವಾಜ ಪುಸ್ತಕದ ಕನ್ನಡದಲ್ಲಿ ಎಚ್ಚರಿಸಿದ. ಮುಳುಗಲಿ ಬಿಡಪಾ ಎಂದರು ಹೆಂಗಸರು.

ಹೊರಗೆ ಬಂದ ಫಕೀರಮ್ಮನ ಮುಖ ಬೇರೆಯೇ ಆಗಿತ್ತು. ಇಮಾಮಬೀ ಚಹಾ ಕೊಟ್ಟರೆ ಕುಡಿದಳು, ಇನ್ನೊಂದು ಕಪ್ಪು ತಾನಾಗಿಯೇ ಕೇಳಿ ಕುಡಿದಳು. ಬಸ್ಸಿಗೆ ಹೊರಟಾಗ ಇಮಾಮಬೀಯ ಎರಡೂ ಕೈ ಹಿಡಿದುಕೊಂಡಳು.

"ಏನೂ ಕಡಿಮಿ ಮಾಡ್ಲಿಲ್ಲವಾ ನನ್ನ ತಾಯಿ."

ಖಾಲಿ ಕ್ಯಾನ್ ಹಿಡಿದು ಪಕ್ಕದಲ್ಲೇ ನಿಂತಿದ್ದ ದ್ಯಾವಪ್ಪ ಅದನ್ನು ಸ್ಪಷ್ಟವಾಗಿ ಕೇಳಿಸಿಕೊಂಡ.

ಆದರೂ ಮನುಷ್ಯನ ಆಸೆ ಅಷ್ಟು ಬೇಗ ಸಾಯುವುದಿಲ್ಲ. ಬಸ್ಸು ಕುಕನೂರಿನ ದಾರಿ ಹಿಡಿದಾಗ ಶಾನವಾಜ ಪದ್ಧತಿಯಂತೆ ಮೈಕು ಹಿಡಿದು, ಈ ದಿನದ ಪ್ರವಾಸದ ಬಗ್ಗೆ ಹಿರಿಯರು ಎರಡು ಅನಿಸಿಕೆ ಹೇಳಬೇಕೆಂದು ಕೋರಿ ಅದನ್ನು ಫಕೀರಮ್ಮನ ಕೈಗೆ ಕೊಟ್ಟ. ಕನಕಮ್ಮ ಕಿಟಕಿಯಿಂದ ಹೊರಗೆ ನೋಡತೊಡಗಿದಳು. ಎಷ್ಟೆಂದರೂ ಕೊನೆಯಲ್ಲಿ ನೀರು ಹೊತ್ತವನು ತಾನೇ ಎಂದು ದ್ಯಾವಪ್ಪ ಅಂಗಿಯ ಕಾಲರು ಸರಿ ಮಾಡಿಕೊಂಡು ಮುಂದಕ್ಕೆ ಬಾಗಿದ. ಫಕೀರಮ್ಮ ಮೈಕನ್ನು ಬಾಯಿಯ ಹತ್ತಿರ ತಂದಳು.

"ಕೋಟಿ ಛಲೋ ಅದಾವಪಾ. ಇಷ್ಟ ಉದ್ದ, ಇಷ್ಟ ಎತ್ತರ ಗೋಡಿ ಆಗಿನ ಮಂದಿ ಯಾಕ ಕಟ್ಟಿರಬೇಕು ಅಂತ ಮುಂಜಾನಿಂದ ವಿಚಾರ ಮಾಡಾಕತ್ತಿದ್ದೆ. ಗೈಡಪ್ಪಗ ಹೇಳಾಕ ಬರ್ಲಿಲ್ಲ. ನಮ್ಮ ಅಳಿಯಾರು ನಿಂತು ತೋರಿಸಿದ್ರು."