ಟ್ಯಾಂಕರಣ್ಣನ ಪಥ್ಯಕ್ಕೆ ರಜೆ

ಎಲ್ಲಕ್ಕೂ ಕಾರಣ ಕೊನೆಯ ಎರಡು ಕಿಲೋ.

ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತನನ್ನು ಎಲ್ಲರೂ ಕರೆಯುತ್ತಿದ್ದುದು ಟ್ಯಾಂಕರಣ್ಣ ಎಂದೇ. ಒಂದು ಕಾಲದಲ್ಲಿ ಅವನು ಹೆಸರಿಗೆ ತಕ್ಕಂತೆಯೇ ಇದ್ದ. ಕಾರಿಡಾರಿನಲ್ಲಿ ಅವನು ಬಂದರೆ ಎದುರಿನವರು ಪಕ್ಕದ ಕೋಣೆಗೆ ಸರಿದು ದಾರಿ ಬಿಡಬೇಕಿತ್ತು. ಒಂದು ದಿನ ಅವನು ಕುರ್ಚಿಯಿಂದ ಎದ್ದಾಗ ಕುರ್ಚಿಯೂ ಅವನ ಜೊತೆಗೇ ಎದ್ದಿತು. ಅಂದೇ ಪಥ್ಯ ಶುರುವಾಯಿತು.

ಆಮೇಲೆ ಆದದ್ದು ಪವಾಡ. ಬೇಯಿಸಿದ ಬೀನ್ಸು, ಸೌತೆಕಾಯಿ, ಸಪ್ಪೆ ಸೂಪು ಎನ್ನುತ್ತ ವರ್ಷ ಕಳೆಯುವುದರೊಳಗೆ ಅರ್ಧ ಮನುಷ್ಯನೇ ಮಾಯವಾಗಿದ್ದ. ಹೆಸರು ಮಾತ್ರ ಹಾಗೇ ಉಳಿಯಿತು. ಮೊದಲು ನಕ್ಕು ಕರೆಯುತ್ತಿದ್ದವರು ಈಗ ಎದ್ದು ನಿಂತು ಕರೆಯತೊಡಗಿದರು.

ಆದರೆ ಗುರಿ ಕಣ್ಣಳತೆಯಲ್ಲಿ ಇರುವಾಗ ತೂಕದ ಮುಳ್ಳು ತುಕ್ಕು ಹಿಡಿದ ವಾಲ್ವಿನಂತೆ ನಿಂತುಬಿಟ್ಟಿತು. ಎಷ್ಟು ಹಸಿದರೂ ಆ ಎರಡು ಕಿಲೋ ಅಲುಗಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಡಯೆಟ್ ಡಾಕ್ಟರಮ್ಮನ ಫೋನು ಬಂತು.

“ನಿಮ್ಮ ದೇಹ ಬರಗಾಲ ಬಂತು ಅಂದ್ಕೊಂಡಿದೆ. ಇರೋದನ್ನೇ ಗಟ್ಟಿಯಾಗಿ ಹಿಡ್ಕೊಂಡು ಕೂತಿದೆ. ಎರಡು ವಾರ ಪಥ್ಯಕ್ಕೆ ರಜೆ ಕೊಡಿ. ಹೊಟ್ಟೆ ತುಂಬ ತಿನ್ನಿ. ಆಮೇಲೆ ಮತ್ತೆ ಶುರು ಮಾಡೋಣ.”

“ಏನು ತಿನ್ಲಿ ಮೇಡಂ?”

“ಎಲ್ರೂ ತಿನ್ನೋದನ್ನೇ ತಿನ್ನಿ.”

“ಮತ್ತೆ... ಕೇಕು?”

“ಒಂದು ತುಂಡು ತಿಂದ್ರೆ ಪ್ರಳಯ ಆಗಲ್ಲ ಬಿಡಿ.”

ಟ್ಯಾಂಕರಣ್ಣ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬಳಿ ನಿಂತ. ಎದುರಿನ ಗೋಡೆಯ ಮೇಲೆ ಬಿಸಿಲು ಕರಗಿದ ಬೆಣ್ಣೆಯಂತೆ ಹರಡಿತ್ತು. ಲೋಕ ಇಷ್ಟು ಚೆಂದವಾಗಿದೆ ಎಂದು ಅವನಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ.

ಅಡುಗೆಮನೆಗೆ ಹೋಗಿ ಸುದ್ದಿ ಹೇಳಿದ. ಹೆಂಡತಿ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ಡಾಕ್ಟರಮ್ಮ ತಿನ್ನಿ ಅಂದ್ರಾ? ನಾಳೆ ಪೊಲೀಸರು ಕದೀರಿ ಅಂತಾರೆ.”

“ನಿನ್ನಾಣೆಗೂ ಕಣೇ! ಬೇಕಾದ್ರೆ ನೀನೇ ಫೋನ್ ಮಾಡಿ ಕೇಳು.”

ಹೆಂಡತಿ ಫೋನು ಮಾಡಿದಳು. ಡಾಕ್ಟರಮ್ಮ ಅಷ್ಟರಲ್ಲಿ ರೋಗಿಗಳನ್ನು ನೋಡಲು ಕೂತಿದ್ದರು. ಫೋನು ಸ್ವಿಚ್ ಆಫ್.

“ನೋಡಿದ್ರಾ? ನಮ್ಮಕ್ಕನ ಮುಂದೆ, ತಂಗಿ ಮುಂದೆ ನಿಮ್ಮ ವಿಷಯ ಹೇಳ್ಕೊಂಡು ತಲೆಯೆತ್ತಿ ಓಡಾಡ್ತಿದ್ದೀನಿ. ಗುರಿ ಹತ್ರ ಬಂದಾಗ ಮನಸ್ಸು ಹಿಂಗೇ ಆಟ ಆಡುತ್ತೆ. ಗಟ್ಟಿಯಾಗಿರಿ.” ಹೀಗೆಂದು ಸೌತೆಕಾಯಿಯ ತಟ್ಟೆಯನ್ನು ಅವನ ಮುಂದೆ ಇಟ್ಟಳು. ಹೊಗಳಿಕೆ ಕೇಳಿದ ಮೇಲೆ ಜಗಳವಾಡುವುದು ಹೇಗೆಂದು ತಿಳಿಯದೆ ಅವನು ಅದನ್ನೇ ತಿಂದ.

ಹೋಗಲಿ, ಕಚೇರಿಯ ದಾರಿಯಲ್ಲಿ ಬೇಕರಿ ಇದೆಯಲ್ಲ! ಗಾಜಿನ ಆಚೆ ಆಗತಾನೇ ಒಲೆಯಿಂದ ಇಳಿದ ಬನ್ನುಗಳು ಸಾಲಾಗಿ ಹೊಳೆಯುತ್ತಿದ್ದವು. ಅವನು ಕೈಯೆತ್ತಿ ತೋರಿಸಿದ. ಬೇಕರಿಯವನ ಮುಖ ಬಿಳಿಚಿಕೊಂಡಿತು.

“ಯಾರಿಗೆ ಅಣ್ಣ?”

“ನಂಗೇ.”

“ಬೇಡ ಅಣ್ಣ. ಒಂದು ವರ್ಷದಿಂದ ನೀವು ಮೂಗು ಮುಚ್ಕೊಂಡು ನನ್ನ ಅಂಗಡಿ ದಾಟೋದನ್ನ ನೋಡಿದ್ದೀನಿ. ಇವರ ಕೈಲಾದ್ರೆ ನನ್ನ ಕೈಲಿ ಯಾಕಾಗಲ್ಲ ಅಂತ ಸಿಗರೇಟು ಬಿಟ್ಟೆ. ಮೂರು ಸಲ ಬಿಟ್ಟು ಮೂರು ಸಲ ಹಿಡಿದೋನು ನಾನು. ಈ ಸಲ ನಿಮ್ಮನ್ನ ನೆನೆಸ್ಕೊಂಡೇ ತಡ್ಕೊಂಡಿದ್ದೀನಿ. ನೀವು ಈ ಬನ್ನು ತಿಂದ್ರೆ ನಾನು ಇವತ್ತೇ ಹಚ್ಚಿಬಿಡ್ತೀನಿ.”

ಟ್ಯಾಂಕರಣ್ಣ ಬನ್ನನ್ನು ನೋಡಿದ. ಬೇಕರಿಯವನ ಕಣ್ಣನ್ನು ನೋಡಿದ. ತನ್ನ ಹಲ್ಲಿನ ಸಾಲಿನ ಹಿಂದೆ ಇನ್ನೊಬ್ಬನ ಶ್ವಾಸಕೋಶ ಅಡಗಿದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. “ಸುಮ್ನೆ ನಿನ್ನ ಪರೀಕ್ಷೆ ಮಾಡ್ದೆ ಕಣಯ್ಯ,” ಎಂದು ಹೇಗೋ ಉಸುರಿ ಅಲ್ಲಿಂದ ಹೊರಟ. ಬೇಕರಿಯವನು ಅಂಗಡಿಯಿಂದ ಕೆಳಗಿಳಿದು ಅವನು ತಿರುವು ದಾಟುವವರೆಗೂ ನೋಡುತ್ತ ನಿಂತಿದ್ದ.

ಕಚೇರಿಯಲ್ಲಿ ಕ್ಯಾಂಟೀನ್ ಇತ್ತು. ಅಲ್ಲಿ ಎಣ್ಣೆಯ ಬಾಣಲೆ ಮಾತ್ರ ಇರಲಿಲ್ಲ. ಕ್ಯಾಂಟೀನಿನವನು ಹೆಮ್ಮೆಯಿಂದ ಎರಡು ಪಾತ್ರೆಗಳ ಮುಚ್ಚಳ ತೆಗೆದು ತೋರಿಸಿದ. ಒಂದರಲ್ಲಿ ಬೆಂದ ಬೀನ್ಸು, ಇನ್ನೊಂದರಲ್ಲಿ ಬೀನ್ಸು ಬೆಂದ ನೀರು.

“ಇವತ್ತಿಂದ ಕ್ಯಾಂಟೀನಲ್ಲಿ ಇಷ್ಟೇ ಅಣ್ಣ. ಇಡೀ ಆಫೀಸೇ ನಿಮ್ಮ ದಾರಿ ಹಿಡಿದಿದೆ.”

ನಿಜವೇ. ಒಂದು ವಾರದಿಂದ ನಕ್ಷೆ ಬರೆಯುವ ಅಕ್ಕ, ಮೀಟರ್ ಓದುವವರು, ಕ್ಯಾಷಿಯರಮ್ಮ, ಕೊನೆಗೆ ಮ್ಯಾನೇಜರ್ ಮೇಡಂ ಕೂಡ ಪಥ್ಯ ಹಿಡಿದಿದ್ದರು. ಕಚೇರಿಯಲ್ಲಿ ಆಸ್ಪತ್ರೆಯ ವಾರ್ಡಿನಂಥ ಮೌನ. ಒಬ್ಬರ ಹೊಟ್ಟೆ ಗುರ್ ಎಂದರೆ ಇನ್ನೊಬ್ಬರದು ಉತ್ತರ ಕೊಡುತ್ತಿತ್ತು. ಎಲ್ಲರೂ ಟ್ಯಾಂಕರಣ್ಣನ ಕಡೆ ನೋಡಿ, ನಿಟ್ಟುಸಿರು ಬಿಟ್ಟು, ಮತ್ತೆ ಕೆಲಸಕ್ಕೆ ತಲೆ ಬಗ್ಗಿಸುತ್ತಿದ್ದರು.

ಮಧ್ಯಾಹ್ನ ಹಸಿವು ತಡೆಯಲಾರದೆ ಅವನು ಹಿತ್ತಲಿನ ಪಂಪಿನ ಮನೆಗೆ ಹೋದ. ಅಲ್ಲಿನ ಕಪಾಟಿನಲ್ಲಿ ಪಂಪಿನವನು ಬ್ರೆಡ್ಡು ಇಟ್ಟಿರುತ್ತಾನೆ ಎಂಬ ಸುದ್ದಿಯಿತ್ತು. ಬಾಗಿಲು ತಳ್ಳಿದರೆ ಒಳಗೆ ಕ್ಯಾಷಿಯರಮ್ಮ ನಿಂತಿದ್ದರು. ಕೈಯಲ್ಲಿ ಒಡೆದ ಬಿಸ್ಕತ್ ಪೊಟ್ಟಣ, ಕೆನ್ನೆ ಒಂದು ಕಡೆ ಉಬ್ಬಿತ್ತು.

“ಅಯ್ಯೋ, ಅಣ್ಣ!” ಎಂದು ಅವರು ಅತ್ತೇಬಿಟ್ಟರು. “ಸರಿಯಾದ ಸಮಯಕ್ಕೆ ಬಂದ್ರಿ. ಒಂದೇ ತಿಂದಿದ್ದೀನಿ, ಇನ್ನು ಮುಟ್ಟಲ್ಲ!”

“ಇರಿ ತಾಯಿ, ಬಿಸಾಡ್ಬೇಡಿ, ಆ ಪೊಟ್ಟಣ...”

ಪೊಟ್ಟಣ ಆಗಲೇ ತೆರೆದ ಸಂಪಿನೊಳಗೆ ಬಿದ್ದಿತ್ತು. ಟ್ಯಾಂಕರಣ್ಣ ಅಂಚಿನಲ್ಲಿ ಮಂಡಿಯೂರಿ ಕೂತು, ಬಿಸ್ಕತ್ತುಗಳು ಒಂದೊಂದಾಗಿ ತಿರುಗುತ್ತ, ನೆನೆಯುತ್ತ, ಮುಳುಗುವುದನ್ನು ಕಣ್ಣು ಮಿಟುಕಿಸದೆ ನೋಡಿದ. ಅವನು ತಮಗಾಗಿ ಪ್ರಾರ್ಥಿಸುತ್ತಿದ್ದಾನೆ ಎಂದುಕೊಂಡ ಕ್ಯಾಷಿಯರಮ್ಮ ಸದ್ದಾಗದಂತೆ ಹೊರಗೆ ಹೋದರು.

ಸಂಜೆ ಸ್ಟೋರ್ ಕೀಪರ್ ಸಾಹೇಬರ ಬೀಳ್ಕೊಡುಗೆ ಇತ್ತು. ನಿವೃತ್ತರಾಗುತ್ತಿದ್ದ ಅವರು ತಮ್ಮ ಖುಷಿಗೆ ನೀರಿನ ಟ್ಯಾಂಕಿನ ಆಕಾರದ ಕೇಕು ಮಾಡಿಸಿದ್ದರು. ನಾಲ್ಕು ಕಂಬ, ಮೇಲೆ ದುಂಡಗಿನ ತೊಟ್ಟಿ, ಸುತ್ತ ಕ್ರೀಮಿನ ಮೆಟ್ಟಿಲು. ಅದನ್ನು ಮೇಜಿನ ಮೇಲಿಟ್ಟಾಗ ಸಭಾಂಗಣವೇ ಉಸಿರು ಬಿಗಿಹಿಡಿಯಿತು. ಟ್ಯಾಂಕರಣ್ಣನಿಗಂತೂ ಮೊದಲ ಸಲ ಸಮುದ್ರ ನೋಡಿದಂತಾಯಿತು.

“ಇದು ಫೋಟೋಗೆ ಮಾತ್ರ,” ಎಂದರು ಮ್ಯಾನೇಜರ್ ಮೇಡಂ. ಕಣ್ಣು ಮಾತ್ರ ಕೇಕಿನ ಮೇಲೇ ಇತ್ತು. “ಈಗ ನಮ್ಮೆಲ್ಲರ ಮಾದರಿ, ಟ್ಯಾಂಕರಣ್ಣ, ಸಂಯಮದ ಬಗ್ಗೆ ಎರಡು ಮಾತಾಡ್ತಾರೆ.”

ಅವನು ವೇದಿಕೆ ಹತ್ತಿದ. ಅಲ್ಲಿಂದ ಎಲ್ಲರೂ ಕಂಡರು. ನಕ್ಷೆ ಅಕ್ಕನ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಮೀಟರ್ ಓದುವವರು ಗೋಡೆಗೆ ಒರಗಿ ನಿಂತಿದ್ದರು. ಇವರೆಲ್ಲ ತನ್ನನ್ನು ನಂಬಿ ಹೀಗೆ ಒಣಗುತ್ತಿದ್ದಾರೆ! ಅವನಿಗೆ ಇನ್ನು ಸುಳ್ಳು ಹೇಳಲಾಗಲಿಲ್ಲ.

“ನಿಜ ಹೇಳ್ತೀನಿ. ಬೆಳಗ್ಗೆಯಿಂದ ನಾನು ತಿನ್ನೋಕೇ ಒದ್ದಾಡ್ತಿದ್ದೀನಿ. ಡಾಕ್ಟರಮ್ಮನೇ ರಜೆ ಕೊಟ್ಟಿದ್ದಾರೆ.”

ಸಭೆ ಮೆಲ್ಲಗೆ ನಕ್ಕಿತು. “ಎಂಥ ವಿನಯ!” ಎಂದು ಸ್ಟೋರ್ ಕೀಪರ್ ಸಾಹೇಬರು ಕಣ್ಣೊರೆಸಿಕೊಂಡರು.

ಟ್ಯಾಂಕರಣ್ಣ ಬೇರೆ ದಾರಿ ಕಾಣದೆ ಫೋನು ತೆಗೆದು ಡಾಕ್ಟರಮ್ಮನಿಗೆ ಮಾಡಿದ, ಸ್ಪೀಕರ್ ಹಾಕಿ ಮೈಕಿಗೆ ಹಿಡಿದ. ಈ ಸಲ ಸಿಕ್ಕರು.

“ಹೌದ್ರೀ, ನಾನೇ ಹೇಳಿದ್ದು. ಹೊಟ್ಟೆ ತುಂಬ ತಿನ್ನಿ ಅಂದೆನಲ್ಲ! ಇನ್ನೂ ಯಾಕೆ ಅನುಮಾನ?”

ಕ್ಯಾಷಿಯರಮ್ಮ ಮೆಲ್ಲಗೆ ಎದ್ದು ನಿಂತರು. “ಅಣ್ಣ... ಹಂಗಾದ್ರೆ ನಾವೂ?”

ಅವನ ಮನಸ್ಸು ಕರಗಿತು. “ಎಲ್ರೂ ತಿನ್ರಮ್ಮ!”

ಮುಖ್ಯ ಪೈಪು ಒಡೆದರೆ ನೀರು ಹೇಗೆ ನುಗ್ಗುತ್ತದೆ ಎಂಬುದರ ಬಗ್ಗೆ ಟ್ಯಾಂಕರಣ್ಣ ಸಾವಿರ ದೂರು ಕೇಳಿದ್ದ, ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಈಗ ಕಂಡ. ಕುರ್ಚಿಗಳು ಉರುಳಿದವು. ಅವನೂ ಒಂದು ಹೆಜ್ಜೆ ಇಟ್ಟ. ಆದರೆ ಫೋನಿನಲ್ಲಿ ಡಾಕ್ಟರಮ್ಮ ಇನ್ನೂ ಮಾತಾಡುತ್ತಿದ್ದರು: “ಕೇಳಿಸ್ಕೊಳ್ಳಿ, ನಿಧಾನಕ್ಕೆ ಅಗಿದು ತಿನ್ನಬೇಕು, ನೀರು ಕುಡೀಬೇಕು, ನಡಿಗೆ ಬಿಡಬಾರ್ದು...” ದೂರು ವಿಭಾಗದ ಗುಮಾಸ್ತನಿಗೆ, ಆಡುವವರು ಆಡಿ ಮುಗಿಸುವ ಮೊದಲು ಫೋನು ಇಟ್ಟು ಅಭ್ಯಾಸವಿಲ್ಲ. “ಹೂಂ ಮೇಡಂ, ಸರಿ ಮೇಡಂ,” ಎನ್ನುತ್ತಲೇ ನಿಂತ. ಅವನ ಕಣ್ಣೆದುರೇ ತೊಟ್ಟಿ ಹೋಯಿತು, ಮೆಟ್ಟಿಲು ಹೋಯಿತು, ಕಂಬಗಳೂ ಒಂದೊಂದಾಗಿ ಹೋದವು. ಕರೆ ಮುಗಿದಾಗ ಮೇಜಿನ ಮೇಲೆ ರಟ್ಟು ಉಳಿದಿತ್ತು. ಅದನ್ನೂ ಯಾರೋ ನೆಕ್ಕಿದಂತಿತ್ತು.

ಆಗ ಮ್ಯಾನೇಜರ್ ಮೇಡಂ ತಲೆಯೆತ್ತಿ ನೋಡಿದರು. ಟ್ಯಾಂಕರಣ್ಣ ವೇದಿಕೆಯ ಮೇಲೆ, ಇದ್ದಲ್ಲೇ, ಖಾಲಿ ಕೈಯಲ್ಲಿ ನಿಂತಿದ್ದ.

“ನೋಡಿ!” ಎಂದರು ಮೇಡಂ. “ಡಾಕ್ಟರೇ ತಿನ್ನಿ ಅಂದ್ರು. ಇವರು ನಮಗೆಲ್ಲ ತಿನ್ನಿಸಿದ್ರು. ತಾವು ಮಾತ್ರ ಒಂದು ಚೂರೂ ಮುಟ್ಟಲಿಲ್ಲ!”

ಎಲ್ಲರ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಒಬ್ಬೊಬ್ಬರಾಗಿ ಕ್ರೀಮಿನ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ತಲೆ ತಗ್ಗಿಸಿದರು. ಸ್ಟೋರ್ ಕೀಪರ್ ಸಾಹೇಬರು ವೇದಿಕೆ ಹತ್ತಿ ಅವನನ್ನು ಅಪ್ಪಿಕೊಂಡರು. ಅವರ ಮೀಸೆಯಲ್ಲಿ ಸಿಕ್ಕಿದ್ದ ಕೇಕಿನ ತುಣುಕೊಂದು ಅವನ ಮೂಗಿನ ತುದಿಗೇ ಬಂದು, ವೆನಿಲಾದ ಪರಿಮಳ ಸೂಸಿ, ಮತ್ತೆ ದೂರ ಹೋಯಿತು.

“ನಾಳೆಯಿಂದ ಎಲ್ರೂ ಮತ್ತೆ ಬೀನ್ಸು,” ಎಂದು ಮೇಡಂ ಘೋಷಿಸಿದರು. “ಎಲ್ಲ ಶಾಖೆಗಳಲ್ಲೂ ಟ್ಯಾಂಕರಣ್ಣನ ಭಾಷಣ. ಇವರ ಮನೆಯವರಿಗೂ ಈಗಲೇ ಹೇಳ್ತೀನಿ, ಅವರಿಗೆ ಎಷ್ಟು ಹೆಮ್ಮೆ ಆಗುತ್ತೋ!”

ಮೇಡಂ ಫೋನು ಮಾಡಿದರು. ಸ್ವಲ್ಪ ಹೊತ್ತಿಗೆಲ್ಲ ಹೆಂಡತಿಯ ಕರೆ ಬಂತು. ಅವಳು ಬಿಕ್ಕುತ್ತಿದ್ದಳು.

“ಬೆಳಗ್ಗೆ ನಿಮ್ಮನ್ನ ಅನುಮಾನಿಸಿದೆ, ಕ್ಷಮಿಸಿ ರೀ. ಡಾಕ್ಟರಮ್ಮ ರಜೆ ಕೊಟ್ಟಿದ್ದು ನಿಜಾನೇ ಅಂತೆ, ನೀವೇ ಬೇಡ ಅಂದ್ರಂತೆ! ಇನ್ನು ನಿಮ್ಮ ಜೊತೆ ನಾನೂ ಪಥ್ಯ ಮಾಡ್ತೀನಿ. ಬೆಣ್ಣೆ, ಸಕ್ಕರೆ, ಬ್ರೆಡ್ಡು ಎಲ್ಲಾ ಕಟ್ಟಿ ಅಕ್ಕನ ಮನೆಗೆ ಕಳಿಸಿಬಿಟ್ಟೆ.”

ಟ್ಯಾಂಕರಣ್ಣನ ಕಣ್ಣಿಂದ ದಳದಳ ನೀರಿಳಿಯಿತು. ಅದನ್ನು ಕಂಡು ಇಡೀ ಸಭೆ ಬೆರಗಾಗಿ ಎದ್ದು ನಿಂತಿತು.