ಮನೆಬಳಕೆಯ ಕಾರು

ಕಷ್ಟ ಯಾವಾಗಲೂ ಬಾಗಿಲು ಒದ್ದುಕೊಂಡೇ ಬರಬೇಕೆಂದಿಲ್ಲ. ಬಾಗಿಲ ಸಂದಿಯಿಂದ ಒಂದು ಕಾರ್ಡಾಗಿ ತೂರಿಕೊಂಡೂ ಬರಬಹುದು. ಗ್ರಂಥಾಲಯದಲ್ಲಿ ಪುಸ್ತಕಗಳ ಬೆನ್ನಿಗೆ ನಂಬರು ಅಂಟಿಸುವ ಕೆಲಸದಲ್ಲಿದ್ದ ಆ ಮನುಷ್ಯನ ಮನೆಗೆ ಅದು ಬಂದದ್ದು ಹಾಗೆ, ಶನಿವಾರ ಸಂಜೆ.

"ಮನೆಬಳಕೆಯ ನಾಲ್ಕು ಬಾಗಿಲಿನ ಕಾರುಗಳ ವಿಭಾಗದಲ್ಲಿ ಮೊದಲ ಸ್ಥಾನ ಪಡೆದಿರುವ ತಮ್ಮ ಮನೆಯಿಂದ ವರ್ಷದಿಂದ ಯಾರೂ ಓಡಿಸಲು ಬಂದಿಲ್ಲ. ನಾಳೆ ಸಂಜೆ ಐದರೊಳಗೆ ಮನೆಯವರೊಬ್ಬರು ಮನೆಯದೇ ಕಾರಿನಲ್ಲಿ ಒಂದು ಸುತ್ತಾದರೂ ಓಡಿಸದಿದ್ದರೆ ನಿಯಮದಂತೆ ಬೋರ್ಡಿನಿಂದ ಹೆಸರು ತೆಗೆಯಲಾಗುವುದು."

ಬೋರ್ಡಿನ ಮೇಲಿದ್ದದ್ದು ಅವನ ಹೆಂಡತಿಯ ಹೆಸರು. ಅವಳು ತೀರಿಕೊಂಡು ಹತ್ತು ತಿಂಗಳಾಗಿತ್ತು.

ಊರ ಹೊರಗೆ ಹಳೆಯ ಕಾರ್ಖಾನೆಯ ಸಿಮೆಂಟಿನ ಮೈದಾನವಿದೆ. ಭಾನುವಾರ ಅಲ್ಲಿ ರಬ್ಬರಿನ ಕೋನ್‌ಗಳನ್ನು ಸಾಲಾಗಿ, ಓರೆಯಾಗಿ, ದುಂಡಗೆ ಇಟ್ಟು, ಅವುಗಳ ನಡುವೆ ಒಬ್ಬೊಬ್ಬರಾಗಿ ಕಾರು ಓಡಿಸುತ್ತಾರೆ. ಆಟೋಕ್ರಾಸ್ ಎಂದು ಅದರ ಹೆಸರು. ಅಕ್ಕಪಕ್ಕ ಬೇರೆ ಕಾರಿರುವುದಿಲ್ಲ, ಎದುರಾಳಿ ಗಡಿಯಾರವೊಂದೇ. ಕೋನ್ ಬಿದ್ದರೆ ಎರಡು ಸೆಕೆಂಡು ದಂಡ. ಸೋಮವಾರದಿಂದ ಶನಿವಾರದವರೆಗೆ ತರಕಾರಿ, ಅಮ್ಮನ ಮಾತ್ರೆ, ಗ್ರಂಥಾಲಯದ ಗಂಡ ಇವನ್ನೆಲ್ಲ ಹೊತ್ತ ಕಾರಿನಲ್ಲೇ ಅವಳು ಭಾನುವಾರ ಆ ಕೋನ್‌ಗಳ ನಡುವೆ ಮೀನಿನಂತೆ ನುಸುಳುತ್ತಿದ್ದಳು. ಇವನು ಹನ್ನೊಂದು ವರ್ಷ ಪಕ್ಕದಲ್ಲಿ ನಿಂತು ಗಡಿಯಾರ ಒತ್ತಿದವನು. ಅಲ್ಲಿ ಎಲ್ಲರೂ ಇವನನ್ನು 'ಗಡಿಯಾರದವರು' ಎಂದೇ ಕರೆಯುತ್ತಿದ್ದರು. ಅವಳ ಅತಿ ಒಳ್ಳೆಯ ಸುತ್ತು ನಲವತ್ತೆಂಟು ಪಾಯಿಂಟ್ ಆರು ಸೆಕೆಂಡು. ಒಂದು ವಿಭಾಗಕ್ಕೆ ಒಂದೇ ಹೆಸರು ಬರೆಯುವ ಆ ಬೋರ್ಡಿನಲ್ಲಿ ಅದು ಮೂರು ವರ್ಷದಿಂದ ಅಲುಗಿರಲಿಲ್ಲ.

ಮನೆಯ ಬಾಗಿಲಿನ ಹೆಸರಿನ ಫಲಕ, ರೇಷನ್ ಕಾರ್ಡು, ಬ್ಯಾಂಕು, ಫೋನು, ಎಲ್ಲ ಕಡೆಯಿಂದಲೂ ಅವಳ ಹೆಸರನ್ನು ಅವನೇ ಮುಂದೆ ನಿಂತು ತೆಗೆಸಿದ್ದ. ಉಳಿದದ್ದು ಅದೊಂದೇ.

ಭಾನುವಾರ ಬೆಳಿಗ್ಗೆ ಅವಳ ಕಾರಿನ ಕೀಲಿ ತಿರುಗಿಸಿದ. ಅದು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಎರಡನೆಯ ಸಲ ಕೆಮ್ಮಲೂ ಇಲ್ಲ. ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರು ಗೋಡೆಯ ಮೇಲಿಂದ ಕತ್ತು ಚಾಚಿದರು.

"ಏನ್ ಸಾರ್, ಬೆಳಬೆಳಿಗ್ಗೆ? ಅದರ ಕತೆ ಮುಗೀತು. ತಳ ಎಲ್ಲಾ ತುಕ್ಕು. ಹೊಸದು ನೋಡಿ."

"ಸಂಜೆಯೊಳಗೆ ಬೇಕು."

"ಕಾರಾ? ಸಂಜೆಯೊಳಗಾ? ಅದೇನು ಕೊತ್ತಂಬರಿ ಸೊಪ್ಪಾ?"

ಸಂಗತಿ ಕೇಳಿದ ಮೇಲೆ ಬಸ್ಸಿನವರು ಅಂಗಿ ಹಾಕಿಕೊಂಡು ಬಂದೇ ಬಿಟ್ಟರು. ಅವರ ಹಿಂದೆ, ಭಾನುವಾರ ಪೇಪರು ಓದಲು ಅವರ ಮನೆಗೆ ಬರುತ್ತಿದ್ದ ಗ್ರಂಥಾಲಯದ ಹೆಡ್ ಕ್ಲರ್ಕೂ ಬಂದರು. ಹೆಡ್ ಕ್ಲರ್ಕು ಗ್ರಂಥಾಲಯಕ್ಕೆ ಬರುವ ಮೋಟಾರು ಪತ್ರಿಕೆಗಳನ್ನೆಲ್ಲ ಹದಿನೆಂಟು ವರ್ಷದಿಂದ ಬಾಯಿಪಾಠ ಮಾಡಿದವರು. ಕಾರು ಓಡಿಸಲು ಮಾತ್ರ ಬಾರದು.

"ನಾನೂ ಬರ್ತೀನಿ ಅಳಿಯಂದಿರೇ," ಎಂಬ ಧ್ವನಿ ಒಳಗಿನಿಂದ ಬಂತು.

ಅತ್ತೆಗೆ ಎಪ್ಪತ್ತಾರು. ಮಗಳು ಹೋದ ಮೇಲೂ ಅಳಿಯನ ಮನೆಯಲ್ಲೇ ಉಳಿದಿದ್ದರು. ನಾಲ್ಕು ಕಾಲಿನ ಊರುಗೋಲನ್ನು ಟಕ್ ಟಕ್ ಎಂದು ಇಡುತ್ತ ಬಂದ ಅವರ ಕೈಚೀಲದಲ್ಲಿ ಒಂದು ಸ್ಟೀಲ್ ಲೋಟ, ಒಂದು ಬಾಟಲಿ ನೀರು ಇದ್ದವು.

"ಲೋಟ ಯಾಕತ್ತೆ?"

"ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋವಾಗ ಆ ಟ್ಯಾಕ್ಸಿಯವನು ಒಂದು ಗುಂಡಿ ಬಿಡದೆ ಇಳಿಸ್ತಿದ್ದ. ಪ್ರತಿಯೊಂದು ಗುಂಡಿಗೂ ಅವಳು ನನ್ನ ಕೈ ಹಿಡ್ಕೋತಿದ್ಲು. ಇನ್ಮೇಲೆ ಈ ಮನೆಗೆ ಬರೋ ಕಾರಲ್ಲಿ ತುಂಬಿದ ಲೋಟ ಹಿಡ್ಕೊಂಡು ಕೂತ್ರೆ ಹನಿ ಚೆಲ್ಲಬಾರದು. ಅಷ್ಟೇ ನನ್ನ ಪರೀಕ್ಷೆ."

ಅವನು ಒಳಗೆ ಹೋಗಿ ಇನ್ನೊಂದು ಬಾಟಲಿ ನೀರು ತಂದು ಆ ಚೀಲಕ್ಕೆ ಹಾಕಿದ.

ಹಳೆಯ ಕಾರು ಮಾರುವವನ ಅಂಗಳದಲ್ಲಿ ಕಾರುಗಳು ಮದುವೆಗೆ ಕಾದು ಕೂತ ಗಂಡುಗಳಂತೆ ಮುಖ ತೊಳೆದುಕೊಂಡು ನಿಂತಿದ್ದವು. ಬಸ್ಸಿನವರು ನೇರವಾಗಿ ಹೋಗಿ ಎಲ್ಲಕ್ಕಿಂತ ದೊಡ್ಡದರ ಬೆನ್ನು ತಟ್ಟಿದರು. "ಇದು ಗಾಡಿ ಅಂದ್ರೆ! ಕುಟುಂಬಕ್ಕೆ ಹೇಳಿ ಮಾಡಿಸಿದ್ದು."

ಅದರಲ್ಲಿ ಒಂದು ಸುತ್ತು ಹೋದರು. ಸೀಟು ಹಾಸಿಗೆಯಂತೆ ಮೆತ್ತಗಿತ್ತು, ಅತ್ತೆಯ ಲೋಟ ತುಟಿ ಬಿಚ್ಚಲಿಲ್ಲ. ಆದರೆ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೆ, ಅದು ಅರ್ಜಿ ತೆಗೆದುಕೊಂಡು ಮೇಲಿನವರನ್ನು ಕೇಳಿ ಬರುತ್ತೇನೆಂದು ಹೋದ ಗುಮಾಸ್ತನಂತೆ, ಸಾವಕಾಶವಾಗಿ ತಿರುಗಿತು. ಕಾರು ಪಕ್ಕಕ್ಕೆ ವಾಲಿದ ರೀತಿಗೆ ಹೆಡ್ ಕ್ಲರ್ಕು ಬಸ್ಸಿನವರ ತೊಡೆಯ ಮೇಲೆ ಬಂದು ಕೂತರು.

"ಇದರಲ್ಲಿ ಕೋನ್ ಸುತ್ತೋಕಾಗಲ್ಲ," ಎಂದ ಅವನು.

"ಆಗತ್ತೆ ಸಾರ್. ಕೋನ್‌ನ ಸ್ವಲ್ಪ ದೂರ ದೂರ ಇಡೋಕೆ ಹೇಳಿ!"

ಎರಡನೆಯದು ಹೆಡ್ ಕ್ಲರ್ಕಿನ ಆಯ್ಕೆ. ಹಿಂದೆ ರೆಕ್ಕೆ, ಅಗಲ ಚಕ್ರ, ಗುಡುಗುವ ಸೈಲೆನ್ಸರು. "ಸ್ಪ್ರಿಂಗು ಬಿಗಿ ಇರ್ಬೇಕು ಕಣ್ರೀ. ತಿರುವಿನಲ್ಲಿ ಪಕ್ಕಕ್ಕೆ ಭಾರ ವರ್ಗಾವಣೆ ಆಗಬಾರದು. ಇದನ್ನ ಹನ್ನೆರಡು ಪುಟ ಹೊಗಳಿದ್ದಾರೆ."

ಅದು ತಿರುಗುವುದೇನೋ ಚುರುಕಾಗಿಯೇ ತಿರುಗಿತು. ಆದರೆ ಅಂಗಳದ ಬಾಗಿಲಲ್ಲಿದ್ದ ಒಂದು ಸಣ್ಣ ಉಬ್ಬು ಸಿಕ್ಕಿದ್ದೇ ತಡ, ಲೋಟದ ನೀರಷ್ಟೂ ಎದ್ದು ಬಸ್ಸಿನವರ ಬೋಳುತಲೆಗೆ ಅಭ್ಯಂಜನ ಮಾಡಿಸಿತು. ಊರುಗೋಲು ಡಿಕ್ಕಿಯಲ್ಲಿ ಹಿಡಿಸದೆ ಕಿಟಕಿಯಿಂದ ಒಂದು ಕಾಲು ಹೊರಗೆ ಚಾಚಿತ್ತು.

"ಭಾರ ವರ್ಗಾವಣೆ ಆಗ್ಲಿಲ್ಲ, ನೀರು ವರ್ಗಾವಣೆ ಆಯ್ತು," ಎಂದರು ಬಸ್ಸಿನವರು, ಮುಖ ಒರೆಸಿಕೊಳ್ಳುತ್ತ.

"ಪುಸ್ತಕದಲ್ಲಿ ಲೋಟದ ವಿಷಯ ಬರೆದಿರಲಿಲ್ಲ," ಎಂದು ಹೆಡ್ ಕ್ಲರ್ಕು ಗೊಣಗಿದರು.

ಹೀಗೆ ಏಳು ಕಾರುಗಳಾದವು. ಮೆತ್ತಗಿದ್ದದ್ದು ತಿರುಗದು, ತಿರುಗಿದ್ದು ಕುಲುಕದೆ ಬಿಡದು. ಅತ್ತೆ ಎರಡನೆಯ ಬಾಟಲಿ ಬಿಚ್ಚಿದರು. ಗಡಿಯಾರ ಮೂರೂವರೆ ದಾಟಿತು.

ಅಂಗಡಿಯವನು ಕೊನೆಗೆ ತಲೆ ಕೆರೆದುಕೊಂಡ. "ಇನ್ನೊಂದಿದೆ. ಮಾರಾಟಕ್ಕೆ ಅಂತ ಇಟ್ಟಿದ್ದಲ್ಲ. ನಾನೇ ಓಡಾಡ್ತೀನಿ. ನೋಡೋಕೆ ಚೆನ್ನಾಗಿಲ್ಲ."

ತಗಡಿನ ಮರೆಯಲ್ಲಿ ನಿಂತಿದ್ದ ಅದು ನಿಜಕ್ಕೂ ಚೆನ್ನಾಗಿರಲಿಲ್ಲ. ಬೂದಿ ಬಣ್ಣದ, ನಾಲ್ಕು ಬಾಗಿಲಿನ, ಯಾರೂ ಎರಡನೆಯ ಸಲ ತಿರುಗಿ ನೋಡದ ಕಾರು. ಆದರೆ ಮೈ ಹಗುರ, ಗೇರು ಕೈಗೆ ತಾನಾಗಿ ಬರುತ್ತಿತ್ತು. ದೀಪದ ಕಂಬವೊಂದನ್ನು ಸುತ್ತಿ ನೋಡಿದ. ಅದು ಹೇಳುವ ಮೊದಲೇ ಕೇಳಿಸಿಕೊಂಡಂತೆ ತಿರುಗಿತು. ಹಿಂದಿನ ಸೀಟಿನಲ್ಲಿ ನೀರು ಲೋಟದ ಅಂಚಿನವರೆಗೆ ಹೋಗಿ, ತಾಯಿ ಗದರಿದಾಗ ಹೊಸಿಲಿನಿಂದ ಹಿಂದಿರುಗುವ ಮಗುವಿನಂತೆ ಹಿಂದಿರುಗಿತು.

"ಇದು," ಎಂದರು ಅತ್ತೆ.

"ಡಿಕ್ಕಿ ದೊಡ್ಡದಿದೆ, ನಾನೂ ಅದೇ ಹೇಳೋಣ ಅಂತಿದ್ದೆ," ಎಂದರು ಬಸ್ಸಿನವರು.

"ಇದರ ಬಗ್ಗೆ ಅರ್ಧ ಪುಟ ಮಾತ್ರ ಬರೆದಿದ್ರು. ಆಗಲೇ ನನಗೆ ಅನುಮಾನ ಬಂದಿತ್ತು, ಒಳ್ಳೇದೇ ಇರ್ಬೇಕು ಅಂತ," ಎಂದರು ಹೆಡ್ ಕ್ಲರ್ಕು.

ಅಂಗಡಿಯವನು ಇಂದಿನಿಂದ ಇದು ಇವರ ಮನೆಯ ಕಾರೆಂದು ಚೀಟಿ ಬರೆದುಕೊಟ್ಟ. ಗಂಟೆ ನಾಲ್ಕೂಕಾಲು. ಅತ್ತೆಯನ್ನು ಮನೆಗೆ ಬಿಟ್ಟು ಹೋಗುವಷ್ಟು ಹೊತ್ತಿರಲಿಲ್ಲ. ಬಸ್ಸಿನವರು ಹಳೆಯ ಅಭ್ಯಾಸದಿಂದ ಪ್ರತಿಯೊಂದು ಬಸ್ ನಿಲ್ದಾಣದ ಹತ್ತಿರವೂ ಇಲ್ಲದ ಬ್ರೇಕನ್ನು ತುಳಿಯುತ್ತಿದ್ದರು. ಹೆಡ್ ಕ್ಲರ್ಕು ತೋರಿಸಿದ ಹತ್ತಿರದ ದಾರಿ ಒಂದು ಕಲ್ಲಿನ ಗೋಡೆಯಲ್ಲಿ ಮುಗಿಯಿತು. "ನಕ್ಷೆಯಲ್ಲಿ ಗೋಡೆ ಇರಲಿಲ್ಲ ಕಣ್ರೀ!" ಹಿಂದಕ್ಕೆ ಬಂದು, ಸುತ್ತಿ, ಮೈದಾನ ಮುಟ್ಟಿದಾಗ ಐದಕ್ಕೆ ಎಂಟು ನಿಮಿಷ.

ಕಾರ್ಡು ಕಳಿಸಿದ್ದ ಆಟೋಕ್ರಾಸಿನ ಕಾರ್ಯದರ್ಶಿ ಒದ್ದೆ ಬಟ್ಟೆ ಹಿಡಿದು ಆಗಲೇ ಬೋರ್ಡಿನ ಮುಂದೆ ನಿಂತಿದ್ದರು.

"ಬಂದ್ರಾ ಗಡಿಯಾರದವರೇ! ಒಳ್ಳೇದಾಯ್ತು. ನನಗೂ ಕೈ ಬರ್ತಿರಲಿಲ್ಲ. ಒಂದೇ ಒಂದು ಸುತ್ತು, ಎಷ್ಟು ನಿಧಾನವಾದರೂ ಸರಿ. ಹೆಸರು ಇನ್ನೊಂದು ವರ್ಷ ಗಟ್ಟಿ."

"ಗಡಿಯಾರ ಯಾರು ಹಿಡೀತಾರೆ?"

"ಈಗ ಯಂತ್ರ ಬಂದಿದೆ. ಗೆರೆ ದಾಟಿದ್ರೆ ಅದೇ ಬರ್ಕೊಳ್ಳತ್ತೆ. ನಿಮ್ಮಷ್ಟು ಮಾತಾಡಲ್ಲ," ಎಂದು ನಕ್ಕರು. ಹನ್ನೊಂದು ವರ್ಷ ತಾನು ನಿಂತಿದ್ದ ಜಾಗದಲ್ಲಿ ಮುಕ್ಕಾಲಿಯ ಮೇಲೆ ಒಂದು ಪುಟ್ಟ ಪೆಟ್ಟಿಗೆ ಕೂತಿರುವುದನ್ನು ಅವನು ನೋಡಿದ.

ಬಸ್ಸಿನವರು, ಹೆಡ್ ಕ್ಲರ್ಕು ಇಳಿದರು. ಅತ್ತೆ ಇಳಿಯಲಿಲ್ಲ. "ನಾನಿಳಿದು ಹತ್ತೋಷ್ಟರಲ್ಲಿ ಐದಾಗಿ ಆರಾಗತ್ತೆ. ಹೊರಡಿ." ಹಿಂದೆ ಒಬ್ಬರು ಕೂರಲು ನಿಯಮ ಒಪ್ಪುತ್ತಿತ್ತು, ತಲೆಗೆ ಹೆಲ್ಮೆಟ್ ಬೇಕಿತ್ತು. ಹೆಲ್ಮೆಟ್ ಹಾಕಿಸಿಕೊಂಡ ಅತ್ತೆ ಕೊಡ ಕವುಚಿದಂತೆ ಕಾಣುತ್ತ, ತುಂಬಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ದೇವರ ಹೆಸರು ಹೇಳಲು ತೊಡಗಿದರು.

"ಎತ್ತಿನ ಗಾಡಿ ಥರ ಹೋಗಿ ಸಾರ್! ಯಾರೂ ಬೆನ್ನಟ್ಟಿಲ್ಲ!" ಎಂದು ಬಸ್ಸಿನವರು ಕೂಗಿದರು.

ಹಾಗೇ ಹೋಗಬೇಕೆಂದು ಅವನೂ ನಿಶ್ಚಯಿಸಿದ್ದ. ಬಾವುಟ ಬಿತ್ತು.

ಮೊದಲ ಕೋನ್ ಕಂಡದ್ದೇ ತಡ, ಅವನಿಗೆ ಆಸ್ಪತ್ರೆಯ ಹೊದಿಕೆ ಕಂಡಿತು. ಕೊನೆಯ ವಾರಗಳಲ್ಲಿ ಅವಳು ಆ ಬಿಳಿಯ ಹೊದಿಕೆಯ ಮೇಲೆ ಬೆರಳಿನಿಂದ ಈ ಸುತ್ತನ್ನು ಓಡಿಸುತ್ತಿದ್ದಳು. "ಇಲ್ಲಿ ವೇಗ ಬಿಡಬೇಕು... ಈಗ ತಿರುಗಿಸಬೇಕು... ಅವಸರ ಮಾಡಬಾರದು, ಕಾರಿಗೆ ಉಸಿರಾಡೋಕೆ ಬಿಡಬೇಕು..." ಅವನು ಪಕ್ಕದಲ್ಲಿ ಕೂತು ಸೆಕೆಂಡು ಎಣಿಸುತ್ತಿದ್ದ. ಮಾತು ನಿಂತ ಮೇಲೂ ಬೆರಳು ಎರಡು ದಿನ ಓಡಿತ್ತು. ಈಗ ಆ ಬೆರಳು ಮುಂದೆ ಹೋಗುತ್ತಿತ್ತು, ಅವನು ಅದರ ಹಿಂದೆ ಹೋದ. ಎಲ್ಲಿ ಬಿಟ್ಟಿತೋ ಅಲ್ಲಿ ಬಿಟ್ಟ, ಎಲ್ಲಿ ತಿರುಗಿತೋ ಅಲ್ಲಿ ತಿರುಗಿದ. ಓರೆ ಸಾಲು, ದುಂಡು, ಕೊನೆಯ ಕಿರಿದಾದ ಬಾಗಿಲು. ಹತ್ತು ತಿಂಗಳಲ್ಲಿ ಮೊದಲ ಸಲ ಅವನಿಗೆ ಮನೆಯಲ್ಲಿದ್ದಂತೆ ಅನಿಸಿತು. ಗೆರೆ ದಾಟಿದ್ದು ತಿಳಿಯಲಿಲ್ಲ. ಮೈದಾನದ ಬೇಲಿ ಎದುರು ಬಂದಾಗ ನಿಲ್ಲಿಸಿದ.

ಜನ ಓಡಿಬರುತ್ತಿದ್ದರು. ಹೆಡ್ ಕ್ಲರ್ಕು ಕುಣಿಯುತ್ತಿದ್ದರು.

"ನಲವತ್ತೆಂಟು ಪಾಯಿಂಟ್ ನಾಲ್ಕು ಕಣ್ರೀ! ನಲವತ್ತೆಂಟು ಪಾಯಿಂಟ್ ನಾಲ್ಕು!"

ಅವನು ಬಾಗಿಲು ತೆರೆದವನು ಹಾಗೇ ಕೂತ.

"ಯಂತ್ರ ತಪ್ಪು," ಎಂದ.

"ಹೊಸ ಯಂತ್ರ ಗಡಿಯಾರದವರೇ. ತಪ್ಪೇ ಇಲ್ಲ. ಮೊದಲ ಸುತ್ತಲ್ಲೇ ದಾಖಲೆ!" ಎಂದರು ಕಾರ್ಯದರ್ಶಿ.

"ಕೋನ್ ತಾಗ್ತು. ನಾನೇ ನೋಡ್ದೆ. ಎರಡು ಸೆಕೆಂಡು ದಂಡ ಹಾಕಿ."

ಎಲ್ಲರೂ ತಿರುಗಿ ನೋಡಿದರು. ಕೋನ್‌ಗಳೆಲ್ಲ ಸುಣ್ಣದ ಗುರುತಿನೊಳಗೆ ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳಂತೆ ನಿಂತಿದ್ದವು. ಗಡಿಯಾರ ಹಿಡಿದಷ್ಟು ಕಾಲವೂ ಹೆಂಡತಿಗೆ ಒಂದು ಚೂರು ಸೆಕೆಂಡನ್ನು ಬಿಟ್ಟುಕೊಡದ ಮನುಷ್ಯ, ಈಗ ಸುಳ್ಳಿಗೆ ಸಾಕ್ಷಿ ಹುಡುಕಿದ.

"ಅತ್ತೆ, ನೀವೇ ಹೇಳಿ. ತಾಗ್ತು ಅಲ್ವಾ?"

ಅತ್ತೆ ಹೆಲ್ಮೆಟ್ಟಿನೊಳಗಿಂದ ಹೆಮ್ಮೆಯಿಂದ ಹೇಳಿದರು: "ಏನು ತಾಗೋದು? ಒಂದು ಹನಿ ಚೆಲ್ಲಿಲ್ಲ, ನೋಡಿ! ಅವಳು ಓಡಿಸಿದ ಹಾಗೇ ಇತ್ತು."

ಅವನು ಎದ್ದು ಓಡಿದ. ಹತ್ತಿರದ ಕೋನನ್ನು ಝಾಡಿಸಿ ಒದ್ದ. ಅದು ಮೂರು ಪಲ್ಟಿ ಹೊಡೆದು ಬಿತ್ತು. ಇನ್ನೊಂದನ್ನು ಒದೆಯಲು ಹೋಗಿ ತಾನೂ ಬಿದ್ದ. ಸಂತೋಷಕ್ಕೆ ಹೀಗೆ ಮಾಡುತ್ತಿದ್ದಾರೆಂದು ತಿಳಿದು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

"ಕಾರಲ್ಲಿ ಬೀಳಿಸಿದ್ರೆ ಮಾತ್ರ ದಂಡ," ಕಾರ್ಯದರ್ಶಿ ಅವನನ್ನು ಎಬ್ಬಿಸುತ್ತ ಹೇಳಿದರು. "ಕಾಲಲ್ಲಿ ಬೀಳಿಸಿದ್ರೆ ಇಲ್ಲ."

"ಇನ್ನೊಂದು ಸುತ್ತು ಓಡಿಸ್ತೀನಿ. ನಿಧಾನವಾಗಿ. ಅದನ್ನ ಬರ್ಕೊಳ್ಳಿ."

"ಒಳ್ಳೇದನ್ನ ಬಿಟ್ಟು ಕೆಟ್ಟದ್ದನ್ನ ಯಾರಾದ್ರೂ ಬರೀತಾರಾ? ಹೆಸರು ಒಂದೇ ಮನೇಲೇ ಉಳೀತಲ್ಲ, ಖುಷಿಪಡಿ."

ಕಾರ್ಯದರ್ಶಿ ಬೋರ್ಡಿನತ್ತ ನಡೆದರು. ಮೂರು ವರ್ಷ ಸೂರಿನಡಿ ಕಚ್ಚಿ ಕೂತ ಸೀಮೆಸುಣ್ಣ ಸುಲಭಕ್ಕೆ ಬರಲಿಲ್ಲ, ಬಟ್ಟೆಯನ್ನು ಎರಡು ಸಲ ಒದ್ದೆ ಮಾಡಿ ಉಜ್ಜಬೇಕಾಯಿತು. ಬಸ್ಸಿನವರು, "ಆ ಮೂಲೇಲಿ ಇನ್ನೂ ಸ್ವಲ್ಪ ಇದೆ, ನೀಟಾಗಿ ಒರೆಸಿ ಸಾರ್," ಎಂದು ಸಹಾಯ ಮಾಡಿದರು. ಅವಳ ಹೆಸರಿದ್ದಲ್ಲಿ ಅವನ ಹೆಸರು ಬಂತು.

ಜನ ಕರಗಿದ ಮೇಲೆ ಅವನು ಕಾರಿಗೆ ಹಿಂದಿರುಗಿದ. ಅತ್ತೆ ಕಿಟಕಿಯಿಂದ ಬೋರ್ಡನ್ನೇ ನೋಡುತ್ತಿದ್ದರು.

"ಅವಳ ಹೆಸರು ಅಲ್ಲೇ ಇರತ್ತೆ ಅಂದ್ರಲ್ಲ, ಅಳಿಯಂದಿರೇ?"

"ನಾನು ಅವಳಿಗಿಂತ ಬೇಗ ಬಂದ್ಬಿಟ್ಟೆ ಅತ್ತೆ."

ಅವನು ಅತ್ತೆಯ ಗಲ್ಲದ ಕೆಳಗಿನ ಪಟ್ಟಿ ಬಿಚ್ಚಿ ಹೆಲ್ಮೆಟ್ ತೆಗೆದ. ನೆರೆಗೂದಲು ಹಣೆಗೆ ಅಂಟಿತ್ತು.

"ಅವಳು ಬಿಡ್ತಾಳಾ?" ಎಂದು ಅವರು ಸಣ್ಣಗೆ ನಕ್ಕರು. "ಸೋತ್ರೆ ಆ ರಾತ್ರಿ ಊಟ ಸೇರ್ತಿರಲಿಲ್ಲ ಅವಳಿಗೆ. ಮುಂದಿನ ಭಾನುವಾರವೇ ಬಂದು ನಿಮ್ಮನ್ನ..."

ಮಾತು ಅಲ್ಲಿಗೆ ನಿಂತಿತು. ಅವನು ಹೆಲ್ಮೆಟ್ ಹಿಂದಿರುಗಿಸಿ ಬಂದ.

ಹೊರಗೆ ಬಸ್ಸಿನವರು, ಹೆಡ್ ಕ್ಲರ್ಕು ಈ ಕಾರನ್ನು ಆರಿಸಿದ್ದು ಯಾರೆಂದು ಜಗಳವಾಡುತ್ತಿದ್ದರು. ಅವರನ್ನು ಹತ್ತಿಸಿಕೊಂಡು ಹೊರಟ. ಮನೆಯವರೆಗೂ ಸೈಕಲ್ಲಿನವರೆಲ್ಲ ಗಂಟೆ ಬಾರಿಸಿಕೊಂಡು ಅವನನ್ನು ದಾಟಿ ಹೋದರು. ಹಿಂದಿನಿಂದ ಹಾರ್ನು ಕೂಗಿತು, ಯಾರೋ ಬೈದರು, ಬಸ್ಸಿನವರು ಕೈ ಮುಗಿದು ಬೇಡಿಕೊಂಡರು. ಅವನು ಕೇಳಲಿಲ್ಲ. ಮೈದಾನದಲ್ಲಿ ಬಾರದಿದ್ದ ನಿಧಾನ ಈಗ ಅವನಿಗೆ ಚೆನ್ನಾಗಿಯೇ ಬಂದಿತ್ತು.